‘ವರೆಗೆ’ ಎಂಬ ಪುಟ್ಟ ಪದದ ಚರಿತ್ರೆ

ವ್ಯಾಪಾರ ಇರುವಲ್ಲಿ ಅಳತೆ ಇರಲೇಬೇಕು. ಒಂದು ಕಾಲದಲ್ಲಿ ಪಾವು, ಸೇರು, ಕೊಳಗಗಳ ಗಾತ್ರ ಊರಿಂದೂರಿಗೆ ಬದಲಾಗುತ್ತಿತ್ತು. 1956ರ ಕಾಯ್ದೆ ದೇಶಕ್ಕೆಲ್ಲ ಒಂದೇ ಮೆಟ್ರಿಕ್ ಅಳತೆಯನ್ನು ತಂದಿತು. ಅಂಗಡಿಯ ತೂಕದ ಕಲ್ಲಿಗೆ ಸರಕಾರದ ಮುದ್ರೆ ಬಿತ್ತು. ಆದರೆ ಇಂಟರ್‌ನೆಟ್ ಎಂಬ ಹೊಸ ಸರಕು ಬಂದಾಗ ಗ್ರಾಹಕನ ಕೈಯಲ್ಲಿ ತಕ್ಕಡಿಯೇ ಇರಲಿಲ್ಲ. ಮಾರುವವನು ಹೇಳಿದ್ದೇ ತೂಕವಾಯಿತು.

ಭಾರತದಲ್ಲಿ ಸಾರ್ವಜನಿಕರಿಗೆ ಇಂಟರ್‌ನೆಟ್ ಸಿಕ್ಕಿದ್ದು 1995ರ ಆಗಸ್ಟ್ 15ರಂದು, ವಿದೇಶ ಸಂಚಾರ ನಿಗಮದ ಮೂಲಕ. ಆಗ ಅದನ್ನು ಗಂಟೆಯ ಲೆಕ್ಕದಲ್ಲಿ ಮಾರಲಾಗುತ್ತಿತ್ತು. ಚಿತ್ರಗಳೂ ಕಾಣುವ ಸಂಪರ್ಕಕ್ಕೆ 250 ಗಂಟೆಗೆ 15,000 ರೂಪಾಯಿ. ವಿದ್ಯಾರ್ಥಿಗಳಿಗೆ ಬರೀ ಅಕ್ಷರಗಳು ಕಾಣುವ ಖಾತೆ 500 ರೂಪಾಯಿಗೆ. ದರ ದುಬಾರಿಯಾದರೂ ಅಳತೆ ಸರಳವಾಗಿತ್ತು. ಗಡಿಯಾರ ಎಲ್ಲರ ಮನೆಯಲ್ಲೂ ಇತ್ತು. ಆದರೆ ದೂರವಾಣಿ ಕರೆಯ ವೆಚ್ಚ ಬೇರೆಯೇ ಬಿಲ್ಲಿನಲ್ಲಿ ಬರುತ್ತಿತ್ತು. ಹೇಳಿದ ಬೆಲೆ ಒಂದು, ತೆತ್ತ ಬೆಲೆ ಇನ್ನೊಂದು ಎಂಬ ರೂಢಿ ಅಲ್ಲಿಂದಲೇ ಆರಂಭವಾಯಿತು.

1998ರ ನವೆಂಬರ್‌ನಲ್ಲಿ ಖಾಸಗಿ ಕಂಪೆನಿಗಳಿಗೂ ಬಾಗಿಲು ತೆರೆಯಿತು. 2004ರ ಅಕ್ಟೋಬರ್‌ನ ಬ್ರಾಡ್‌ಬ್ಯಾಂಡ್ ನೀತಿ ಅಳತೆಯನ್ನೇ ಬದಲಿಸಿತು. ಸದಾ ಚಾಲೂ ಇರುವ, ಸೆಕೆಂಡಿಗೆ ಕನಿಷ್ಠ 256 ಕಿಲೋಬಿಟ್ ಇಳಿಸಿಕೊಡುವ ಸಂಪರ್ಕವೇ ಬ್ರಾಡ್‌ಬ್ಯಾಂಡ್ ಎಂದು ಅದು ಹೇಳಿತು. ಗಂಟೆ ಹೋಗಿ ವೇಗ ಬಂತು. ಅದರೊಂದಿಗೆ ಗೊಂದಲವೂ ಬಂತು. ಎಂಟು ಬಿಟ್ ಸೇರಿದರೆ ಒಂದು ಬೈಟ್. ಜಾಹೀರಾತಿನ ಭಾಷೆ ಬಿಟ್, ಕಂಪ್ಯೂಟರ್ ಪರದೆ ತೋರಿಸುವುದು ಬೈಟ್. 256 ಕೊಂಡವನಿಗೆ ಪರದೆಯ ಮೇಲೆ ಕಂಡದ್ದು ಹೆಚ್ಚೆಂದರೆ 32. ಇದು ಮೋಸವಲ್ಲ, ಆದರೆ ಬಿಡಿಸಿ ಹೇಳುವ ಗೋಜಿಗೆ ಹೋದವರು ಕಡಿಮೆ.

ಮೋಸಕ್ಕೆ ಎಡೆಯಿದ್ದುದು ‘ವರೆಗೆ’ ಎಂಬ ಪದದಲ್ಲಿ. ‘2 ಎಂಬಿಪಿಎಸ್‌ವರೆಗೆ’ ಎಂದರೆ ಅದಕ್ಕಿಂತ ಹೆಚ್ಚು ಸಿಗದು ಎಂದಷ್ಟೇ ಅರ್ಥ. ಎಷ್ಟಾದರೂ ಸಿಕ್ಕೇ ಸಿಗುತ್ತದೆ ಎಂದಲ್ಲ. ಇದರ ಹಿಂದೆ ಒಂದು ತಾಂತ್ರಿಕ ಸತ್ಯವಿದೆ. ಊರಿನ ನೀರಿನ ಟ್ಯಾಂಕಿನಿಂದ ಎಲ್ಲ ಮನೆಗಳಿಗೂ ನಲ್ಲಿ ಇರುವಂತೆ, ಒಂದೇ ಬ್ಯಾಂಡ್‌ವಿಡ್ತನ್ನು ಹಲವು ಗ್ರಾಹಕರು ಹಂಚಿಕೊಳ್ಳುತ್ತಾರೆ. ಎಲ್ಲರೂ ಏಕಕಾಲಕ್ಕೆ ನಲ್ಲಿ ತಿರುಗಿಸುವುದಿಲ್ಲ ಎಂಬ ನಂಬಿಕೆಯ ಮೇಲೆ ಈ ಲೆಕ್ಕ ನಿಂತಿದೆ. ಹಂಚಿಕೆಯಿಂದಲೇ ದರ ಇಳಿದು ಬಡ ಕುಟುಂಬಕ್ಕೂ ಸಂಪರ್ಕ ಎಟುಕಿತು. ಆದ್ದರಿಂದ ಹಂಚುವುದು ತಪ್ಪಲ್ಲ, ಎಷ್ಟು ಜನಕ್ಕೆ ಹಂಚಲಾಗಿದೆ ಎಂಬುದನ್ನು ಮುಚ್ಚಿಡುವುದು ತಪ್ಪು.

ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2006ರಲ್ಲಿ ಬ್ರಾಡ್‌ಬ್ಯಾಂಡ್ ಗುಣಮಟ್ಟದ ನಿಯಮಗಳನ್ನು ತಂದಿತು. 2009ರಲ್ಲಿ ಹಂಚಿಕೆಗೂ ಮಿತಿ ಸೂಚಿಸಿತು: ಮನೆ ಬಳಕೆಗೆ ಒಂದಕ್ಕೆ ಐವತ್ತು, ವ್ಯವಹಾರಕ್ಕೆ ಒಂದಕ್ಕೆ ಮೂವತ್ತು. ಲೆಕ್ಕ ಹಾಕಿ ನೋಡಿ. 2 ಎಂಬಿಪಿಎಸ್ ಅನ್ನು ಐವತ್ತು ಮನೆಗಳು ಒಟ್ಟಿಗೆ ಎಳೆದರೆ ಒಬ್ಬೊಬ್ಬರಿಗೆ ಸಿಗುವುದು ಸುಮಾರು 40 ಕಿಲೋಬಿಟ್. ಹಳೆಯ ಡಯಲ್‌ಅಪ್ ಮೋಡೆಮ್‌ನ ಗರಿಷ್ಠ ವೇಗವೇ 56 ಕಿಲೋಬಿಟ್!

ಎಲ್ಲರೂ ಏಕಕಾಲಕ್ಕೆ ನಲ್ಲಿ ತಿರುಗಿಸಿದ ದಿನವೂ ಬಂತು. 2020ರ ಮಾರ್ಚ್‌ನ ಲಾಕ್‌ಡೌನ್‌ನಲ್ಲಿ ಕಚೇರಿಯೂ ಮನರಂಜನೆಯೂ ಮನೆ ಸೇರಿದವು. ಬೆನ್ನಿಗೇ ತರಗತಿಗಳೂ ಬಂದವು. ಜಾಲದ ಮೇಲಿನ ಹೊರೆ ತಗ್ಗಿಸಲು ವೀಡಿಯೊ ಕಂಪೆನಿಗಳು ಮೊಬೈಲ್‌ನಲ್ಲಿ ಚಿತ್ರದ ಗುಣಮಟ್ಟವನ್ನೇ ತಾತ್ಕಾಲಿಕವಾಗಿ ಇಳಿಸಬೇಕಾಯಿತು.

‘ಅನ್‌ಲಿಮಿಟೆಡ್’ ಇಂಥದೇ ಇನ್ನೊಂದು ಪದ. ಮಿತಿಯಿಲ್ಲ ಎಂದು ದಪ್ಪಕ್ಷರದಲ್ಲಿ ಬರೆದು, ಇಷ್ಟು ಬಳಸಿದ ಮೇಲೆ ವೇಗ ಇಳಿಯುತ್ತದೆ ಎಂಬುದನ್ನು ಸಣ್ಣಕ್ಷರಕ್ಕೆ ಬಿಡಲಾಗುತ್ತಿತ್ತು. ಅದಕ್ಕೆ ‘ನ್ಯಾಯಯುತ ಬಳಕೆ ನೀತಿ’ ಎಂಬ ಚಂದದ ಹೆಸರು ಬೇರೆ. 2016ರ ಅಕ್ಟೋಬರ್ 31ರಂದು ಟ್ರಾಯ್, ಮಿತಿ ಎಷ್ಟು, ಮಿತಿಯ ನಂತರದ ವೇಗ ಎಷ್ಟು ಎಂಬುದನ್ನು ಸ್ಪಷ್ಟವಾಗಿ ತಿಳಿಸುವಂತೆ ಆದೇಶಿಸಿತು. ತಂತಿ ಸಂಪರ್ಕದ ಬ್ರಾಡ್‌ಬ್ಯಾಂಡ್‌ನಲ್ಲಿ ಆ ವೇಗ 512 ಕಿಲೋಬಿಟ್‌ಗಿಂತ ಕೆಳಗಿಳಿಯಬಾರದು ಎಂದೂ ಹೇಳಿತು.

ಬೇರೆ ದೇಶಗಳೂ ಇದೇ ಪದಗಳೊಂದಿಗೆ ಗುದ್ದಾಡಿವೆ. ಬ್ರಿಟನ್ನಿನ ಜಾಹೀರಾತು ನಿಯಮಗಳ ಪ್ರಕಾರ 2012ರಿಂದ ಶೇ. 10ರಷ್ಟು ಗ್ರಾಹಕರಿಗೆ ಆ ವೇಗ ಸಿಕ್ಕಿದರೂ ‘ವರೆಗೆ’ ಎನ್ನಬಹುದಿತ್ತು. ಉಳಿದ ಶೇ. 90 ಮಂದಿಯ ಅನುಭವ ಲೆಕ್ಕಕ್ಕಿರಲಿಲ್ಲ. 2018ರ ಮೇ ತಿಂಗಳಿಂದ ನಿಯಮ ಬಿಗಿಯಾಯಿತು. ರಾತ್ರಿ 8ರಿಂದ 10ರ ದಟ್ಟಣೆಯ ಹೊತ್ತಿನಲ್ಲಿ ಕನಿಷ್ಠ ಅರ್ಧದಷ್ಟು ಗ್ರಾಹಕರಿಗೆ ಸಿಗುವ ವೇಗವನ್ನೇ ಜಾಹೀರಾತಿನಲ್ಲಿ ಹೇಳಬೇಕಾಯಿತು. ಆಸ್ಟ್ರೇಲಿಯಾದ ನಿಯಂತ್ರಕರು 2017ರಲ್ಲಿ ಸಂಜೆ 7ರಿಂದ 11ರ ವೇಗವನ್ನು ಪ್ರಕಟಿಸಲು ಸೂಚಿಸಿದರು. ಅಮೆರಿಕದಲ್ಲಿ 2024ರ ಏಪ್ರಿಲ್‌ನಿಂದ ದೊಡ್ಡ ಕಂಪೆನಿಗಳು ಆಹಾರದ ಪೊಟ್ಟಣದ ಮೇಲಿನ ಚೀಟಿಯಂತೆ ದರ, ಶುಲ್ಕ, ವೇಗಗಳನ್ನು ಒಂದೇ ಚೀಟಿಯಲ್ಲಿ ನೀಡಬೇಕಾಯಿತು.

ನಮ್ಮಲ್ಲಿ 2023ರ ಜನವರಿಯಲ್ಲಿ ಬ್ರಾಡ್‌ಬ್ಯಾಂಡ್‌ನ ಕನಿಷ್ಠ ವೇಗ 2 ಎಂಬಿಪಿಎಸ್‌ಗೆ ಏರಿತು. ಸ್ವಾಗತಾರ್ಹವೇ. ಆದರೆ 100 ಎಂದು ಹಣ ಕೊಟ್ಟವನಿಗೆ 2ರ ಭರವಸೆ ಯಾವ ಸಮಾಧಾನ ತಂದೀತು? ಬೆಲೆಯ ಜತೆ ಸೇರುವ ಶೇ. 18 ತೆರಿಗೆಯಂತೆ, ಸಂಜೆಯ ವೇಗವೂ ಸಹಿ ಹಾಕುವ ಮುನ್ನ ತಿಳಿಯಬೇಕಾದ ಸಂಗತಿ.

ಇದು ಬರೀ ಸಿನಿಮಾ ನೋಡುವವರ ಸಮಸ್ಯೆಯಲ್ಲ. ವಿದ್ಯಾರ್ಥಿವೇತನದ ಅರ್ಜಿ, ಪರೀಕ್ಷೆಯ ಶುಲ್ಕ, ಪಡಿತರ ಚೀಟಿಯ ತಿದ್ದುಪಡಿ ಎಲ್ಲವೂ ಈ ತಂತಿಯ ಮೂಲಕ ಸಾಗುತ್ತಿವೆ. ಕೊನೆಯ ದಿನದ ಸಂಜೆ ಪುಟ ತೆರೆಯದೆ ಹೋದರೆ ನಷ್ಟ ಅನುಭವಿಸುವವಳು ಹಳ್ಳಿಯ ವಿದ್ಯಾರ್ಥಿನಿ, ಜಾಹೀರಾತು ಬರೆದವರಲ್ಲ. ಆದ್ದರಿಂದ ಸಂಪರ್ಕ ಪಡೆಯುವಾಗ ನಾವು ಕೇಳಬೇಕಾದುದು ‘ಎಷ್ಟರವರೆಗೆ’ ಎಂದಲ್ಲ, ‘ಎಷ್ಟಕ್ಕಿಂತ ಕಡಿಮೆಯಾಗದು’ ಎಂದು. ಆ ಪ್ರಶ್ನೆಗೆ ಬರಹದಲ್ಲಿ ಉತ್ತರ ಸಿಗುವ ದಿನ ಈ ಸರಕಿಗೂ ಮುದ್ರೆ ಬಿದ್ದಂತೆ.