ಸುರಪುರ ಸೀಮೆಯ ಕಲ್ಲುಮನೆಗಳು ಮತ್ತು ಮೆಡೋಸ್ ಟೇಲರನ ಅಳತೆಗೋಲು

ಸುರಪುರದಲ್ಲಿ ಮೆಡೋಸ್ ಟೇಲರನ ಹೆಸರು ತೆಗೆದರೆ ಮಾತು ಹೋಗುವುದು ಎರಡೇ ಕಡೆಗೆ. ಒಂದು, ಗುಡ್ಡದ ಮೇಲೆ ಅವನು ಕಟ್ಟಿಸಿದ ಬಂಗಲೆ, ಟೇಲರ್ ಮಂಜಿಲ್. ಇನ್ನೊಂದು, ಅವನನ್ನು ‘ಅಪ್ಪಾ’ ಎಂದು ಕರೆಯುತ್ತ ಬೆಳೆದು 1858ರಲ್ಲಿ ಬ್ರಿಟಿಷರ ವಿರುದ್ಧ ಎದ್ದುನಿಂತ ರಾಜಾ ವೆಂಕಟಪ್ಪ ನಾಯಕನ ಕಥೆ. ಸಾಹಿತ್ಯದ ಓದುಗರಿಗೆ ಅವನು 1839ರಲ್ಲಿ ಪ್ರಕಟವಾದ, ಠಕ್ಕನೊಬ್ಬನ ತಪ್ಪೊಪ್ಪಿಗೆಯ ರೂಪದ ಕಾದಂಬರಿಯ ಕರ್ತೃ. ಇವುಗಳ ಮರೆಯಲ್ಲಿ ಅವನ ಇನ್ನೊಂದು ಕೆಲಸ ಹಿಂದೆ ಸರಿದುಹೋಗಿದೆ. ಕೃಷ್ಣಾ–ಭೀಮಾ ನದಿಗಳ ನಡುವಿನ ಬಯಲಿನಲ್ಲಿ ಕುದುರೆಯ ಮೇಲೆ ತಿರುಗುತ್ತ ಅವನು ಗುರುತಿಸಿದ, ಅಳೆದ, ಕೆಲವನ್ನು ಅಗೆಸಿ ನೋಡಿದ ಬೃಹತ್ ಶಿಲಾ ಸಮಾಧಿಗಳ ದಾಖಲೆ ಅದು. ಈ ಲೇಖನದ ವಾದ ಇಷ್ಟು: ಟೇಲರನ ಸಿದ್ಧಾಂತಗಳಲ್ಲಿ ಇಂದು ನಿಲ್ಲುವಂಥದ್ದು ಹೆಚ್ಚೇನೂ ಇಲ್ಲ, ಆದರೆ ಅವನ ಅಳತೆಗಳು ಮತ್ತು ನಕಾಶೆಗಳು ನಿಂತಿವೆ. ಅವನು ಏನನ್ನು ಕಂಡ, ಏನನ್ನು ಕಾಣದೆ ದಾಟಿಹೋದ ಎಂಬ ಎರಡಕ್ಕೂ ಕಾರಣ ಅವನು ಬಂದ ಕಾಲದಲ್ಲೇ ಇದೆ.

ಟೇಲರ್ ಹುಟ್ಟಿದ್ದು 1808ರಲ್ಲಿ, ಲಿವರ್‌ಪೂಲ್‌ನಲ್ಲಿ. ಹದಿನೈದರ ಹುಡುಗನಾಗಿ 1824ರಲ್ಲಿ ಮುಂಬಯಿಯ ವ್ಯಾಪಾರಿಯೊಬ್ಬನ ಹತ್ತಿರ ಕೆಲಸಕ್ಕೆಂದು ಬಂದವನು ಬೇಗನೆ ನಿಜಾಮನ ಸೈನ್ಯ ಸೇರಿದ. ಶಾಲೆಯ ಓದು ಅರ್ಧಕ್ಕೇ ನಿಂತಿತ್ತು. ಭೂಮಾಪನ, ಕಾನೂನು, ಭೂವಿಜ್ಞಾನ, ಪಾರ್ಸಿ, ಮರಾಠಿ ಎಲ್ಲವನ್ನೂ ತಾನೇ ಕಲಿತುಕೊಂಡ. ಇವುಗಳಲ್ಲಿ ಭೂಮಾಪನ ನಮಗೆ ಮುಖ್ಯ. 1841ರಲ್ಲಿ ರಾಜಾ ಕೃಷ್ಣಪ್ಪ ನಾಯಕ ತೀರಿಕೊಂಡು, ಮಗ ವೆಂಕಟಪ್ಪ ಇನ್ನೂ ಚಿಕ್ಕವನಾಗಿ, ರಾಣಿ ಈಶ್ವರಮ್ಮನ ಕಡೆಯವರಿಗೂ ಎದುರಾಳಿಗಳಿಗೂ ತಿಕ್ಕಾಟ ಹತ್ತಿದಾಗ ಟೇಲರ್ ಸುರಪುರಕ್ಕೆ ಬಂದ. 1853ರವರೆಗೆ ಸಂಸ್ಥಾನದ ಆಡಳಿತ ಅವನ ಕೈಯಲ್ಲಿತ್ತು. ಹೊಲ ಅಳೆಸುವುದು, ಕಂದಾಯ ಗೊತ್ತುಮಾಡುವುದು, ರಸ್ತೆ ಹಾಕಿಸುವುದು, ಕೆರೆಗಳ ಕೆಲಸ ಮಾಡಿಸುವುದು ಅವನ ದಿನನಿತ್ಯದ ಕಾಯಕ. ಅವನು ಪ್ರಾಚೀನ ಕಲ್ಲುಗಳ ಹತ್ತಿರ ಬಂದದ್ದು ಈ ತಿರುಗಾಟದಲ್ಲಿಯೇ. ತೀರ್ಥಯಾತ್ರಿಯಂತೆ ಸ್ಮಾರಕ ನೋಡಲೆಂದೇ ಹೊರಟವನಲ್ಲ ಅವನು. ಹೊಲದ ಗಡಿ ನೋಡಲು ಹೋದವನಿಗೆ ಹೊಲದ ನಡುವೆ ನಿಂತ ಕಲ್ಲುಮನೆ ಕಂಡಿತು.

ದಕ್ಷಿಣ ಭಾರತದ ಇಂಥ ಗೋರಿಗಳ ಬಗ್ಗೆ ಬರೆದವರಲ್ಲಿ ಅವನೇ ಮೊದಲಿಗನಲ್ಲ. ಮಲಬಾರಿನ ಕಲ್ಗೋರಿಗಳನ್ನು ಬ್ಯಾಬಿಂಗ್ಟನ್ ಎಂಬವನು 1820ರ ದಶಕದಲ್ಲೇ ವರ್ಣಿಸಿದ್ದ. ಟೇಲರನೂ ಸುರಪುರಕ್ಕೆ ಬರುವ ಮೊದಲೇ, 1835ರ ಹೊತ್ತಿಗೆ, ಗಂಗಾವತಿ ಹತ್ತಿರದ ಹಿರೇಬೆಣಕಲ್ಲಿನ ಗುಡ್ಡದ ಸಮಾಧಿಗಳನ್ನು ಗಮನಿಸಿದ್ದನೆಂಬ ಉಲ್ಲೇಖವಿದೆ. ಆದರೆ ಒಂದೇ ಸೀಮೆಯಲ್ಲಿ ವರ್ಷಗಟ್ಟಲೆ ನೆಲೆಸಿ, ಬೇರೆ ಬೇರೆ ಬಗೆಯ ನಿರ್ಮಿತಿಗಳನ್ನು ಪಕ್ಕಪಕ್ಕದಲ್ಲಿಟ್ಟು ಹೋಲಿಸಿ ನೋಡುವ ಅವಕಾಶ ಅವನ ಹಿಂದಿನವರಿಗೆ ಸಿಕ್ಕಿರಲಿಲ್ಲ. ಜೇವರ್ಗಿಯ ಬಗೆಗಿನ ಬರಹ 1851ರಲ್ಲಿ, ಸುರಪುರ ಸಂಸ್ಥಾನದ ಬಗೆಗಿನದು 1853ರಲ್ಲಿ, ಎರಡೂ ರಾಯಲ್ ಏಷ್ಯಾಟಿಕ್ ಸೊಸೈಟಿಯ ಮುಂಬಯಿ ಶಾಖೆಯ ಪತ್ರಿಕೆಯಲ್ಲಿ ಅಚ್ಚಾದವು.

ಈಗಿನ ಹುಣಸಗಿ ತಾಲ್ಲೂಕಿಗೆ ಸೇರಿದ ರಾಜನಕೋಳೂರಿನಲ್ಲಿ ಅವನು ಕಂಡದ್ದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಅಲ್ಲಿನ ಕಲ್ಲುಮನೆಗಳು ಮೇಲ್ನೋಟಕ್ಕೆ ಒಂದೇ ಥರ: ನೆಟ್ಟಗೆ ನಿಲ್ಲಿಸಿದ ಚಪ್ಪಡಿಗಳು, ಮೇಲೊಂದು ದೊಡ್ಡ ಹಾಸುಗಲ್ಲು. ಟೇಲರ್ ಇವನ್ನು ಎರಡು ಬಗೆಯಾಗಿ ಬಿಡಿಸಿದ. ಮೊದಲನೆಯದರಲ್ಲಿ ಮೂರೇ ಗೋಡೆ. ಎರಡು ಉದ್ದನೆಯ ಪಕ್ಕದ ಕಲ್ಲು, ಹಿಂದೊಂದು ಕಲ್ಲು, ಮುಂದೆ ಬಯಲು. ಇವುಗಳಲ್ಲಿ ದೊಡ್ಡದರ ಪಕ್ಕದ ಚಪ್ಪಡಿಗಳು ಹದಿನೈದು ಅಡಿಗೂ ಮಿಕ್ಕಿ ಉದ್ದ. ಎರಡನೆಯದು ನಾಲ್ಕೂ ಕಡೆ ಮುಚ್ಚಿದ ಕೋಣೆ, ಆದರೆ ಒಂದು ಚಪ್ಪಡಿಯಲ್ಲಿ ದುಂಡಗೆ ಕೊರೆದ ಕಿಂಡಿ. ಮನುಷ್ಯನ ತಲೆ ತೂರಬಹುದು, ಮೈ ತೂರುವುದು ಕಷ್ಟ. ಟೇಲರ್ ಎರಡೂ ಬಗೆಯವನ್ನು ಅಗೆಸಿದ. ಮುಂದೆ ತೆರೆದಿದ್ದವುಗಳಲ್ಲಿ ಸಹಜವಾದ ಮಣ್ಣಲ್ಲದೆ ಏನೂ ಸಿಗಲಿಲ್ಲ. ಕಿಂಡಿಯಿದ್ದವುಗಳಲ್ಲಿ ಬೂದಿ ಬೆರೆತ ಮಣ್ಣು, ಇದ್ದಲು, ಮೂಳೆಯ ಚೂರು ಸಿಕ್ಕವು. ಇಂದು ಇದು ಸಣ್ಣ ಸಂಗತಿ ಎನ್ನಿಸಬಹುದು. ಆದರೆ ನಿಧಿಯ ಆಸೆಗೆ ಗೋರಿ ಒಡೆಯುವುದೇ ವಾಡಿಕೆಯಾಗಿದ್ದ ಕಾಲದಲ್ಲಿ, ‘ಇಲ್ಲಿ ಏನೂ ಸಿಗಲಿಲ್ಲ’ ಎಂಬುದನ್ನೂ ಒಂದು ಫಲಿತಾಂಶವೆಂದು ಬರೆದಿಟ್ಟವನು ಅಪರೂಪದವನು. ಆಕಾರದ ವ್ಯತ್ಯಾಸಕ್ಕೂ ಒಳಗಿನ ವಸ್ತುವಿನ ವ್ಯತ್ಯಾಸಕ್ಕೂ ಸಂಬಂಧವಿರಬಹುದೆಂದು ಅವನು ಕೇಳಿದ ಪ್ರಶ್ನೆ ಮುಂದಿನ ವರ್ಗೀಕರಣಗಳಿಗೆಲ್ಲ ದಾರಿಮಾಡಿತು.

ಜೇವರ್ಗಿಯಲ್ಲಿ ದೃಶ್ಯವೇ ಬೇರೆ. ಅಲ್ಲಿ ನೆಲದ ಮೇಲೆ ಕಾಣುವುದು ಗುಂಡುಕಲ್ಲುಗಳ ವೃತ್ತ ಮತ್ತು ನಡುವೆ ಕಲ್ಲಿನ ಗುಪ್ಪೆ. ಸಮಾಧಿ ಇರುವುದು ಆಳದಲ್ಲಿ. ಟೇಲರ್ ಇಂಥ ಗುಪ್ಪೆಗಳನ್ನು ಬಿಡಿಸಿ, ಕೆಳಗಿಳಿದಂತೆ ಸಿಕ್ಕ ಮಣ್ಣಿನ ಪದರ, ಕಲ್ಲು, ಮೂಳೆ, ಮಡಕೆಗಳ ಸ್ಥಾನವನ್ನು ಅಡ್ಡಕೊಯ್ತದ ಚಿತ್ರವಾಗಿ ಬರೆದ. ಗೋಡೆಯನ್ನು ನೇರವಾಗಿ ಸೀಳಿ ನೋಡಿದರೆ ಹೇಗೆ ಕಾಣುತ್ತದೋ ಹಾಗೆ ಪದರಗಳನ್ನು ತೋರಿಸುವ ಈ ಕ್ರಮ ಇಂದು ಪುರಾತತ್ತ್ವ ವಿದ್ಯಾರ್ಥಿಯ ಮೊದಲ ಪಾಠ. 1850ರ ಸುಮಾರಿನಲ್ಲಿ ಅದು ಯುರೋಪಿನಲ್ಲೂ ರೂಢಿಯಲ್ಲಿರಲಿಲ್ಲ. ಸುಮಾರು ನೂರು ವರ್ಷಗಳ ಅನಂತರ, ಬ್ರಹ್ಮಗಿರಿಯಲ್ಲಿ ಉತ್ಖನನ ನಡೆಸಿದ ಮಾರ್ಟಿಮರ್ ವೀಲರ್, ಉತ್ಖನನ ವಿಧಾನದ ಬಗ್ಗೆ ಬರೆದ ಗ್ರಂಥದಲ್ಲಿ ಟೇಲರನ ಅಡ್ಡಕೊಯ್ತದ ಚಿತ್ರವನ್ನೇ ಮಾದರಿಯಾಗಿ ಎತ್ತಿ ತೋರಿಸಿದ. ತನ್ನ ಹಿಂದಿನವರನ್ನು ಸುಲಭವಾಗಿ ಮೆಚ್ಚುವ ಜಾಯಮಾನ ವೀಲರನದಲ್ಲ ಎಂಬುದು ನೆನಪಿರಲಿ.

ಚಿತ್ರ ಬರೆದ ಕೈ ಸರಿಯಿತ್ತು, ಅರ್ಥ ಹೇಳಿದ ಬಾಯಿ ಎಡವಿತು. ಜೇವರ್ಗಿಯ ಗುಂಡಿಗಳಲ್ಲಿ ಕೆಲವು ಅಸ್ಥಿಪಂಜರಗಳು ಬೋರಲಾಗಿದ್ದವು, ಕೆಲವಕ್ಕೆ ತಲೆ ಬೇರೆ ಕಡೆ ಇತ್ತು. ಟೇಲರ್ ಇದನ್ನು ನರಬಲಿ ಎಂದು ತೀರ್ಮಾನಿಸಿದ. ಠಕ್ಕರ ಕಥೆ ಬರೆದವನ ಮನಸ್ಸು ಅತ್ತ ವಾಲಿದ್ದು ಆಶ್ಚರ್ಯವಲ್ಲ. ಬೃಹತ್ ಶಿಲಾ ಸಂಸ್ಕೃತಿಯ ಜನ ಶವವನ್ನು ಮೊದಲು ಬಯಲಿಗೋ ಬೇರೊಂದು ಕಡೆಗೋ ಬಿಟ್ಟು, ಮಾಂಸವೆಲ್ಲ ಹೋದ ಮೇಲೆ ಮೂಳೆಗಳನ್ನು ಆಯ್ದು ತಂದು ಹೂಳುತ್ತಿದ್ದರೆಂಬುದು ದಕ್ಷಿಣದ ಅನೇಕ ನೆಲೆಗಳಿಂದ ಮುಂದೆ ತಿಳಿಯಿತು. ಒಂದೇ ಕೋಣೆಯಲ್ಲಿ ಹಲವರ ಅಸ್ಥಿ ಬೆರೆತಿರುವುದು, ತಲೆ ಬೇರೆ ಮುಂಡ ಬೇರೆಯಾಗಿರುವುದು ಈ ಪದ್ಧತಿಯಲ್ಲಿ ತೀರ ಸಹಜ. ಬಲಿ ಎಲ್ಲೂ ನಡೆದೇ ಇಲ್ಲವೆಂದು ಹೇಳುವಂತಿಲ್ಲವಾದರೂ, ಟೇಲರ್ ಕೊಟ್ಟ ಪುರಾವೆಯಿಂದ ಆ ತೀರ್ಮಾನಕ್ಕೆ ಹೋಗಲಾಗದು. ಅದು ನಮಗೆ ಗೊತ್ತಾಗುವುದೂ ಅವನ ಚಿತ್ರಗಳಿಂದಲೇ.

ಇದಕ್ಕಿಂತ ದೊಡ್ಡ ಎಡವು ಜನಾಂಗದ ವಿಷಯದಲ್ಲಿ ಆಯಿತು. ತನ್ನ ಬರಹಗಳ ತಲೆಬರಹದಲ್ಲೇ ಅವನು ಈ ಗೋರಿಗಳಿಗೆ ಕೆಲ್ಟಿಕ್, ಡ್ರುಯಿಡ್, ಸಿಥಿಯನ್ ಎಂಬ ಪಟ್ಟಿ ಅಂಟಿಸಿದ. ಬ್ರಿಟನ್, ಐರ್ಲೆಂಡ್, ಬ್ರಿಟನಿಗಳಲ್ಲಿರುವ ಶಿಲಾಗೋರಿಗಳ ಆಕಾರವೂ ಸುರಪುರದವುಗಳ ಆಕಾರವೂ ಇಷ್ಟು ಹೋಲುತ್ತವೆಂದರೆ ಎರಡನ್ನೂ ಕಟ್ಟಿದವರು ಒಂದೇ ಮೂಲದವರಿರಬೇಕು, ಮಧ್ಯ ಏಷ್ಯಾದಿಂದ ಒಂದು ಕವಲು ಪಶ್ಚಿಮಕ್ಕೂ ಒಂದು ದಕ್ಷಿಣಕ್ಕೂ ಬಂದಿರಬೇಕು ಎಂಬುದು ಅವನ ತರ್ಕ. ಯುರೋಪಿನ ಬಹುಪಾಲು ಶಿಲಾಗೋರಿಗಳು ಕಬ್ಬಿಣ ತಿಳಿಯದ ಜನರವು, ಕೆಲ್ಟರಿಗಿಂತಲೂ ಸಾವಿರಾರು ವರ್ಷ ಹಿಂದಿನವು. ಜೇವರ್ಗಿಯ ಗುಂಡಿಗಳಲ್ಲಿ ಟೇಲರನ ಕೈಗೆ ಸಿಕ್ಕಿದ್ದಾದರೋ ಕಬ್ಬಿಣದ ಆಯುಧಗಳು. ಕಾಲಗಳ ಈ ಅಂತರ ಆಗಿನ್ನೂ ಯಾರಿಗೂ ಸ್ಪಷ್ಟವಿರಲಿಲ್ಲ, ಆದ್ದರಿಂದ ಅವನೊಬ್ಬನನ್ನೇ ದೂರುವುದು ನ್ಯಾಯವಲ್ಲ.

ಊರಿನವರಿಗೆ ಇವುಗಳ ಬಗ್ಗೆ ತಮ್ಮದೇ ವಿವರಣೆಯಿತ್ತು. ಇವು ಮೋರೇರ ಮನೆಗಳು; ಮೋರೇರು ಮೂರಡಿ ಎತ್ತರದ, ಅಪಾರ ಬಲದ ಕುಳ್ಳರು; ಇಷ್ಟು ದೊಡ್ಡ ಬಂಡೆಗಳನ್ನು ಎತ್ತಿ ನಿಲ್ಲಿಸಿ ಕಿಂಡಿಯ ಮೂಲಕ ಒಳಗೆ ಹೋಗಿ ಬಾಳಿದವರು. ಹಿರೇಬೆಣಕಲ್ಲಿನ ಗುಡ್ಡವನ್ನು ಜನ ಇಂದಿಗೂ ಮೋರೇರ ಗುಡ್ಡ ಎನ್ನುತ್ತಾರೆ. ಟೇಲರ್ ಈ ಕಥೆಯನ್ನು ನಂಬಲಿಲ್ಲ, ಆದರೆ ಬಿಡದೆ ಬರೆದುಕೊಂಡ. ಸಾಕ್ಷ್ಯದ ದೃಷ್ಟಿಯಿಂದ ನೋಡಿದರೆ ಊರವರ ಕಥೆ ಅವನ ಸಿಥಿಯನ್ ಕಥೆಗಿಂತ ಕಡೆಯೇನಲ್ಲ. ಕಿಂಡಿಯ ಅಳತೆಯನ್ನೂ ಬಂಡೆಯ ತೂಕವನ್ನೂ ಒಟ್ಟಿಗೆ ವಿವರಿಸಬೇಕಾದ ತೊಡಕನ್ನು ಅದು ನೇರವಾಗಿ ಎದುರಿಸುತ್ತದೆ.

1860ರಲ್ಲಿ ಆರೋಗ್ಯ ಕೆಟ್ಟು ಟೇಲರ್ ಭಾರತ ಬಿಟ್ಟ. ಕೊನೆಗೆ ಡಬ್ಲಿನ್ ಪಕ್ಕದಲ್ಲಿ ನೆಲೆಸಿದ. ರಾಯಲ್ ಐರಿಷ್ ಅಕಾಡೆಮಿಯಲ್ಲಿ 1862ರಲ್ಲಿ ದಖ್ಖನ್ನಿನ ಶಿಲಾಗೋರಿಗಳ ಬಗ್ಗೆ ದೀರ್ಘ ಪ್ರಬಂಧ ಓದಿದ, 1869ರಲ್ಲಿ ಲಂಡನ್ನಿನ ಎಥ್ನಾಲಜಿಕಲ್ ಸೊಸೈಟಿಯ ಪತ್ರಿಕೆಗೆ ಇನ್ನೊಂದನ್ನು ಬರೆದ. ತಮ್ಮ ಊರುಗಳ ಕಲ್ಲುಗಳ ಬಗ್ಗೆ ಅಭಿಮಾನವೂ ಜಗಳವೂ ಇದ್ದ ಐರಿಷ್ ಪಂಡಿತರಿಗೆ ಸುರಪುರದ ಚಿತ್ರಗಳು ಹೊಸ ಸರಕಾದವು. ವಾಸ್ತು ಇತಿಹಾಸಕಾರ ಜೇಮ್ಸ್ ಫರ್ಗುಸನ್ 1872ರ ತನ್ನ ಗ್ರಂಥದಲ್ಲಿ ಎಲ್ಲ ದೇಶಗಳ ಒರಟು ಶಿಲಾ ಸ್ಮಾರಕಗಳನ್ನು ಒಂದೆಡೆ ತಂದಾಗ ರಾಜನಕೋಳೂರು ಅಲ್ಲಿ ಸ್ಥಾನ ಪಡೆಯಿತು. ಆದರೆ ಫರ್ಗುಸನ್ ಅದನ್ನು ಬಳಸಿದ ರೀತಿ ವಿಚಿತ್ರ. ಭಾರತದಲ್ಲಿ ಖಾಸಿ ಗುಡ್ಡಗಳ ಜನ ಈಗಲೂ ಕಲ್ಲು ನಿಲ್ಲಿಸುತ್ತಾರೆ, ಆದ್ದರಿಂದ ಯುರೋಪಿನ ಕಲ್ಲುಗಳೂ ಅಷ್ಟೇನೂ ಹಳೆಯವಲ್ಲ, ರೋಮನ್ನರ ಅನಂತರದವು ಎಂದು ಅವನು ವಾದಿಸಿದ. ಹೀಗೆ ಹುಣಸಗಿ ಸೀಮೆಯ ಗೋರಿಗಳು, ತಮಗೆ ಯಾವ ಸಂಬಂಧವೂ ಇಲ್ಲದ ಒಂದು ಯುರೋಪಿಯನ್ ವಾದದೊಳಗೆ ಸಿಕ್ಕಿಕೊಂಡವು.

ಇನ್ನು ಅವನು ಕಾಣದೆ ಬಿಟ್ಟದ್ದು. ರಾಜನಕೋಳೂರಿನ ಸುತ್ತಲ ಹುಣಸಗಿ–ಬೈಚಬಾಳ ಕಣಿವೆಯನ್ನು ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯನವರು 1970ರ ದಶಕದಿಂದ ಹಳ್ಳಹಳ್ಳ ತಿರುಗಿ ಶೋಧಿಸಿದರು. ಹಳೆ ಶಿಲಾಯುಗದ ನೆಲೆಗಳು ಅಲ್ಲಿ ಸಾಲುಸಾಲಾಗಿ ಸಿಕ್ಕವು. ಇಸಾಂಪುರದಲ್ಲಿ ಆ ಕಾಲದ ಮನುಷ್ಯರು ಸುಣ್ಣಕಲ್ಲಿನ ಹಾಸುಗಳನ್ನು ಒಡೆದು ಕೈಕೊಡಲಿ ಮಾಡುತ್ತಿದ್ದ ಜಾಗವೇ ಹೊರಬಂತು. ಅದರ ಕಾಲ ಸುಮಾರು 12 ಲಕ್ಷ ವರ್ಷ ಹಿಂದಿನದೆಂದು ಒಂದು ಕಾಲಮಾಪನ ಸೂಚಿಸಿದೆ. ಅದೇ ಸುರಪುರ ಸೀಮೆಯ ಕೊಡೇಕಲ್ಲು ಮತ್ತು ಬೂದಿಹಾಳಗಳಲ್ಲಿ ನವಶಿಲಾಯುಗದ ದನಗಾಹಿಗಳು ಸಗಣಿ ಗುಡ್ಡೆಹಾಕಿ ಸುಟ್ಟ ಬೂದಿದಿಬ್ಬಗಳಿವೆ. ಅಂದರೆ ಟೇಲರನ ಕುದುರೆ ನಡೆದ ನೆಲದಲ್ಲಿ, ಒಂದು ದಿನದ ಪ್ರಯಾಣದ ಒಳಗೆ, ಮೂರು ಯುಗಗಳ ಗುರುತು ಬಿದ್ದಿದ್ದವು. ಅವನ ಕಣ್ಣು ಹಿಡಿದದ್ದು ತೀರ ಈಚಿನದನ್ನು ಮಾತ್ರ, ಕಬ್ಬಿಣಯುಗದ ಗೋರಿಗಳನ್ನು.

ಇದನ್ನು ಅವನ ಅಲಕ್ಷ್ಯವೆನ್ನುವುದು ಸರಿಯಲ್ಲ. ಒಡೆದ ಕಲ್ಲಿನ ತುಂಡೂ ಮನುಷ್ಯನ ಕೈಯ ಕೆಲಸವಾಗಿರಬಹುದೆಂಬ ಮಾತನ್ನು ಯುರೋಪಿನ ವಿದ್ವತ್ ಸಭೆಗಳು ಒಪ್ಪಿದ್ದು 1859ರಲ್ಲಿ. ಭಾರತದಲ್ಲಿ ರಾಬರ್ಟ್ ಬ್ರೂಸ್ ಫೂಟ್ ಮದ್ರಾಸಿನ ಬಳಿಯ ಪಲ್ಲಾವರಂನಲ್ಲಿ ಮೊದಲ ಕೈಕೊಡಲಿಯನ್ನು ಎತ್ತಿಕೊಂಡದ್ದು 1863ರ ಮೇ ತಿಂಗಳಲ್ಲಿ. ಅಷ್ಟರಲ್ಲಿ ಟೇಲರ್ ಹಡಗು ಹತ್ತಿ ಮೂರು ವರ್ಷವಾಗಿತ್ತು. ಬೂದಿದಿಬ್ಬಗಳ ವಿಷಯ ಹಾಗಲ್ಲ. ಬಳ್ಳಾರಿಯ ದಿಬ್ಬಗಳ ಬಗ್ಗೆ ನ್ಯೂಬೋಲ್ಡ್ 1843ರಲ್ಲೇ ಬರೆದಿದ್ದ. ಆದರೆ ಅವು ಮನೆಯಂತೆಯೂ ಇಲ್ಲ, ಗೋರಿಯಂತೆಯೂ ಇಲ್ಲ. ಬ್ರಿಟನ್ನಿನಲ್ಲಿ ಹೋಲಿಕೆಗೆ ಸಿಗುವ ಜೋಡಿಯೂ ಇಲ್ಲ. ಶಿಲಾಗೋರಿಗಳಿಗೆ ತವರಿನಿಂದಲೇ ಒಂದು ಹೆಸರು, ಒಂದು ಚಿತ್ರ ಅವನ ಮನಸ್ಸಿನಲ್ಲಿ ಸಿದ್ಧವಾಗಿತ್ತು. ಅವನನ್ನು ತಪ್ಪು ಸಿದ್ಧಾಂತಕ್ಕೆ ಎಳೆದ ಆ ಹೋಲಿಕೆಯೇ ಕಲ್ಲುಮನೆಗಳ ಮುಂದೆ ಕುದುರೆ ನಿಲ್ಲಿಸುವಂತೆಯೂ ಮಾಡಿತು.

ಅಧಿಕಾರದ ಮಾತನ್ನೂ ಇಲ್ಲಿ ಬಿಡುವಂತಿಲ್ಲ. ಪರರ ಹೊಲದಲ್ಲಿ ಗೋರಿ ಅಗೆಯಲು ಸಾಮಾನ್ಯ ಪ್ರವಾಸಿಗೆ ಯಾರು ಬಿಡುತ್ತಿದ್ದರು? ಸೀಮೆಯ ಆಡಳಿತ ಕೈಯಲ್ಲಿದ್ದವನಿಗೆ ಆಳುಗಳೂ ಸಿಕ್ಕರು, ತಡೆಯುವವರೂ ಇರಲಿಲ್ಲ. ಗುದ್ದಲಿ ಹಿಡಿದವರು, ‘ಅಲ್ಲೊಂದು ಐತಿ, ಬರ್ರಿ’ ಎಂದು ದಾರಿ ತೋರಿಸಿದವರು ಈ ಸೀಮೆಯವರೇ ಆಗಿರಬೇಕು. ಆ ಕಾಲದ ವಿದ್ವತ್ ಬರಹದಲ್ಲಿ ಅಂಥವರ ಹೆಸರು ಬರೆಯುವ ಪದ್ಧತಿ ಇರಲಿಲ್ಲ.

ಶಹಾಪುರದ ಹತ್ತಿರದ ವಿಭೂತಿಹಳ್ಳಿಯಲ್ಲಿ ಟೇಲರ್ ಕಂಡದ್ದು ಗೋರಿಯೇ ಅಲ್ಲದ ಇನ್ನೊಂದು ಬಗೆ. ನೂರಾರು ದೊಡ್ಡ ಗುಂಡುಗಳನ್ನು ಸಮ ಅಂತರದಲ್ಲಿ, ಚೌಕುಳಿಯ ಸಾಲುಗಳಾಗಿ ಬಯಲಲ್ಲಿ ಇಟ್ಟಿದ್ದಾರೆ. ಇದರ ಜಾಡು ಹಿಡಿದು ರೇಮಂಡ್ ಆಲ್ಚಿನ್ 1956ರಲ್ಲಿ ದಕ್ಷಿಣ ಹೈದರಾಬಾದ್ ಸೀಮೆಯ ಶಿಲಾಸಾಲುಗಳ ಬಗ್ಗೆ ಬರೆದ. ಈಚೆಗೆ ಖಗೋಳದ ಕಡೆಯಿಂದ ಅಧ್ಯಯನ ಮಾಡುವವರು ಇಲ್ಲಿನ ಸಾಲುಗಳಿಗೂ ಸೂರ್ಯ ಹುಟ್ಟಿ ಮುಳುಗುವ ದಿಕ್ಕುಗಳಿಗೂ ಇರಬಹುದಾದ ನಂಟನ್ನು ಪರೀಕ್ಷಿಸುತ್ತಿದ್ದಾರೆ. ಅದಕ್ಕೆ ಬೇಕಾದದ್ದು ಕಲ್ಲುಗಳು ಮೂಲ ಜಾಗದಲ್ಲೇ ಇರುವುದು. ಹೊಲ ಹಸನು ಮಾಡುವಾಗ, ರಸ್ತೆ ಅಗಲಿಸುವಾಗ ಉರುಳಿಹೋಗುವುದೂ ಅವೇ.

ಟೇಲರ್ 1876ರಲ್ಲಿ ಫ್ರಾನ್ಸಿನ ಮೆಂಟನ್‌ನಲ್ಲಿ ತೀರಿಕೊಂಡ. ಅವನ ಚದುರಿದ ಪ್ರಬಂಧಗಳನ್ನು ಹೈದರಾಬಾದ್ ಸಂಸ್ಥಾನದ ಪುರಾತತ್ತ್ವ ಇಲಾಖೆ 1941ರಲ್ಲಿ ಗುಲಾಮ್ ಯಜ್ದಾನಿಯವರ ಸಂಪಾದಕತ್ವದಲ್ಲಿ ಒಂದೇ ಪುಸ್ತಕವಾಗಿ ತಂದಿತು. ದಕ್ಷಿಣದ ಕೋಣೆಗೋರಿಗಳ ಬಗ್ಗೆ ಅ. ಸುಂದರ ಅವರು 1975ರಲ್ಲಿ ಪ್ರಕಟಿಸಿದ ಗ್ರಂಥ, ಕಿಂಡಿಯ ಕೋಣೆ, ಓಣಿಯುಳ್ಳ ಕೋಣೆ ಎಂಬ ಬಗೆಗಳನ್ನು ಸ್ಥಳಸ್ಥಳ ನೋಡಿ ಕ್ರಮಪಡಿಸಿತು. ರಾಜನಕೋಳೂರಿನಲ್ಲಿ ಆರಂಭವಾದ ವಿಂಗಡಣೆ ಅಲ್ಲಿ ಒಂದು ಹದಕ್ಕೆ ಬಂತು. ಹಿರೇಬೆಣಕಲ್ಲು 2021ರಲ್ಲಿ ಯುನೆಸ್ಕೊದ ತಾತ್ಕಾಲಿಕ ಪಟ್ಟಿ ಸೇರಿದೆ. ರಾಜನಕೋಳೂರಿಗೆ ಆ ಗೌರವ ಬಂದಿಲ್ಲ. ಆದರೆ 1850ರ ದಶಕದಲ್ಲಿ ಯಾವ ಚಪ್ಪಡಿ ನಿಂತಿತ್ತು, ಯಾವುದು ಬಿದ್ದಿತ್ತು ಎಂಬುದಕ್ಕೆ ಅಳತೆಸಹಿತ ದಾಖಲೆಯಿರುವ ನೆಲೆಗಳು ಕರ್ನಾಟಕದಲ್ಲಿ ಬೆರಳೆಣಿಕೆಯಷ್ಟು. ಅಲ್ಲಿ ಸಂರಕ್ಷಣೆಗೆ ಕೈಹಾಕುವವರು ಮೊದಲು ಮಾಡಬೇಕಾದ ಕೆಲಸ, ಆ ನಕಾಶೆಯನ್ನು ಸ್ಥಳಕ್ಕೆ ಒಯ್ದು ಕಲ್ಲಿಗೆ ಕಲ್ಲು ತಾಳೆ ನೋಡುವುದು.