ಎರಡು ಬೀಗಗಳ ನಡುವಿನ ಆಟಗಾರ

ಕಾಲ್ಚೆಂಡಾಟದ ವಿವರಣೆಯನ್ನು ರೇಡಿಯೋದಲ್ಲಿ ಕೇಳಿದವರಿಗೆಲ್ಲ ಒಂದು ಅನುಭವ ಉಂಟು. ಆಟಗಾರನ ಮುಖ ಕಾಣದು. ಅವನ ಊರು, ಮನೆ, ಪೂರ್ವಕಥೆ ಯಾವುದೂ ತಿಳಿಯದು. ಕಿವಿಗೆ ಬೀಳುವುದು ಒಂದು ಹೆಸರು, ಒಂದು ಗೋಲಿನ ಲೆಕ್ಕ. ಆ ಲೆಕ್ಕದಿಂದಲೇ ನಾವು ಅವನನ್ನು ಅಳೆದುಬಿಡುತ್ತೇವೆ, ಅಳೆದು, ಮರೆತೂಬಿಡುತ್ತೇವೆ.

ಇಂಗ್ಲೆಂಡಿನ ಮ್ಯಾಂಚೆಸ್ಟರ್ ಸಿಟಿ ಕ್ಲಬ್ಬಿನ ಲೆಕ್ಕದಲ್ಲಿ ಅಂಥದೊಂದು ಸಾಲು ಇದೆ. ಹೆಸರು, ಕಜೀಮಿಯೆಷ್ ಡೆಯ್ನಾ, ದೇಶ, ಪೋಲೆಂಡ್, ಕಾಲ, 1978ರಿಂದ 1981ರ ವರೆಗೆ, ಆಡಿದ ಪಂದ್ಯಗಳು 43, ಹೊಡೆದ ಗೋಲುಗಳು 13. ಎರಡು ವರ್ಷಕ್ಕೂ ಮೀರಿದ ಅವಧಿಯಲ್ಲಿ ಇಷ್ಟೇ ಎಂದರೆ ನೀವು ಏನೆನ್ನುವಿರಿ? ಸಾಧಾರಣ ಆಟಗಾರ, ಬಂದ, ಹೋದ ಎನ್ನುವಿರಿ. ಆದರೆ ಇದೇ ಮನುಷ್ಯನು 1974ರಲ್ಲಿ ಯೂರೋಪಿನ ವರ್ಷದ ಶ್ರೇಷ್ಠ ಆಟಗಾರನ ಆಯ್ಕೆ ನಡೆದಾಗ, ಹಾಲೆಂಡಿನ ಕ್ರೈಫ್ ಮತ್ತು ಜರ್ಮನಿಯ ಬೆಕೆನ್‌ಬೌವರ್ ಇವರಿಬ್ಬರ ಬಳಿಕ ಮೂರನೆಯವನಾಗಿ ನಿಂತಿದ್ದನು. ಹಾಗಿದ್ದಮೇಲೆ ಇಂಗ್ಲೆಂಡಿನ ಆ ಬಡ ಲೆಕ್ಕಕ್ಕೆ ಕಾರಣವೇನು? ಇದನ್ನು ವಿಚಾರಿಸುತ್ತ ಹೋದರೆ ಒಬ್ಬ ಆಟಗಾರನ ಕಥೆಯ ಹಿಂದೆ ಅರ್ಧ ಶತಮಾನದ ಯೂರೋಪಿನ ಕಥೆಯೇ ಕಾಣಿಸುತ್ತದೆ.

ಡೆಯ್ನಾ ಹುಟ್ಟಿದ್ದು 1947ರ ಅಕ್ಟೋಬರ್ 23ರಂದು, ಉತ್ತರ ಪೋಲೆಂಡಿನ ಸ್ತಾರೋಗಾರ್ದ್ ಎಂಬ ಪಟ್ಟಣದಲ್ಲಿ. ಮಹಾಯುದ್ಧ ಮುಗಿದು ಆಗ ಎರಡೇ ವರ್ಷ. ದೇಶವು ಕಮ್ಯೂನಿಸ್ಟ್ ಆಡಳಿತಕ್ಕೆ ಸೇರಿತ್ತು. ಆ ವ್ಯವಸ್ಥೆಯಲ್ಲಿ ಹಣಕ್ಕಾಗಿ ಆಡುವ ವೃತ್ತಿಯ ಆಟಗಾರ ಎಂಬವನು ಕಾಗದದ ಮೇಲೆ ಇರಲೇ ಇಲ್ಲ. ಒಂದು ಕ್ಲಬ್ಬು ಗಣಿಗೆ ಸೇರಿದ್ದು, ಇನ್ನೊಂದು ಗಿರಣಿಗೆ, ಮತ್ತೊಂದು ಪೊಲೀಸಿಗೆ. ಆಟಗಾರನು ದಫ್ತರದಲ್ಲಿ ಗಣಿಗಾರ, ಮೈದಾನದಲ್ಲಿ ಆಟಗಾರ. ರಾಜಧಾನಿ ವಾರ್ಸಾದ ಲೆಗಿಯಾ ಕ್ಲಬ್ಬು ಸೇನೆಯದು. ಈ ಕ್ಲಬ್ಬಿಗೆ ಉಳಿದವಕ್ಕಿಲ್ಲದ ಒಂದು ಅನುಕೂಲವಿತ್ತು. ಪೋಲೆಂಡಿನಲ್ಲಿ ಕಡ್ಡಾಯ ಸೈನಿಕ ಸೇವೆ ಇತ್ತಷ್ಟೆ. ಒಳ್ಳೆಯ ಹುಡುಗನೊಬ್ಬ ಬೇರೆ ಊರಿನಲ್ಲಿ ಆಡುತ್ತಿದ್ದರೆ ಅವನಿಗೆ ಸೇನೆಯ ಕರೆ ಬಂದರೆ ಸಾಕು, ಅವನು ಲೆಗಿಯಾ ಪಾಲು.

ಡೆಯ್ನಾನಿಗೂ ಹಾಗೆಯೇ ಆಯಿತು. 1966ರಲ್ಲಿ ಅವನು ಬಟ್ಟೆ ಗಿರಣಿಗಳ ಊರಾದ ವುಜ್‌ನ ಕ್ಲಬ್ಬನ್ನು ಸೇರಿ ಮೇಲಿನ ದರ್ಜೆಯಲ್ಲಿ ಒಂದೇ ಒಂದು ಪಂದ್ಯ ಆಡಿದ್ದನು. ಅಷ್ಟರಲ್ಲಿ ಸೇನೆ ಕರೆಯಿತು. ಹೋದವನು ಹನ್ನೆರಡು ವರ್ಷ ಅಲ್ಲಿಯೇ ಉಳಿದನು. ಅವನ ಕಾಲದಲ್ಲಿ ಲೆಗಿಯಾ 1969ರಲ್ಲಿ ಮತ್ತು 1970ರಲ್ಲಿ ದೇಶದ ಲೀಗನ್ನು ಗೆದ್ದಿತು. 1970ರಲ್ಲಿ ಯೂರೋಪಿಯನ್ ಕಪ್ಪಿನ ಉಪಾಂತ್ಯದ ವರೆಗೂ ಹೋಯಿತು. ಅವನ ಆಟದಲ್ಲಿ ಓಟದ ಆರ್ಭಟ ಇರಲಿಲ್ಲ. ಮೈದಾನದ ನಡುವೆ ನಿಂತು, ತಲೆ ಎತ್ತಿ ನೋಡಿ, ಚೆಂಡು ಎಲ್ಲಿಗೆ ಹೋಗಬೇಕೋ ಅಲ್ಲಿಗೆ ಕಳುಹಿಸುವುದು ಅವನ ರೀತಿ. ಬಲಗಾಲಿನ ಹೊರ ಅಂಚಿನಿಂದ ಚೆಂಡಿಗೆ ಬಾಗು ಕೊಡುವುದರಲ್ಲಿ ಅವನದು ಎತ್ತಿದ ಕೈ ಎನ್ನುವಂತಿಲ್ಲ, ಎತ್ತಿದ ಕಾಲು ಎನ್ನಬೇಕು!

1972ರ ಮ್ಯೂನಿಕ್ ಒಲಿಂಪಿಕ್ಸಿನಲ್ಲಿ ಲೋಕವು ಅವನನ್ನು ಕಂಡಿತು. ಸೆಪ್ಟೆಂಬರ್ 10ರ ಅಂತಿಮ ಪಂದ್ಯದಲ್ಲಿ ಪೋಲೆಂಡ್ ಹಂಗೆರಿಯನ್ನು 2–1ರಿಂದ ಸೋಲಿಸಿತು. ಎರಡು ಗೋಲೂ ಡೆಯ್ನಾನವೇ. ಆ ಪಂದ್ಯಾವಳಿಯಲ್ಲಿ 9 ಗೋಲು ಹೊಡೆದು ಎಲ್ಲರಿಗಿಂತ ಮುಂದೆ ನಿಂತನು. ಮರುವರ್ಷ, ಎಂದರೆ 1973ರ ಅಕ್ಟೋಬರ್ 17ರಂದು, ಅವನು ನಾಯಕನಾಗಿ ಪೋಲೆಂಡ್ ತಂಡವನ್ನು ಲಂಡನ್ನಿನ ವೆಂಬ್ಲಿ ಮೈದಾನಕ್ಕೆ ಕರೆತಂದನು. ವಿಶ್ವಕಪ್ಪಿಗೆ ಹೋಗಬೇಕಾದರೆ ಇಂಗ್ಲೆಂಡು ಅಂದು ಗೆಲ್ಲಲೇಬೇಕಾಗಿತ್ತು. ಪೋಲೆಂಡಿನ ಗೋಲ್‌ಕೀಪರ್ ತೊಮಾಷೆವ್‌ಸ್ಕಿಯನ್ನು ಇಂಗ್ಲೆಂಡಿನ ಟೆಲಿವಿಜನ್‌ನಲ್ಲಿ ಬ್ರಯನ್ ಕ್ಲಫ್ ವಿದೂಷಕನೆಂದು ಕರೆದಿದ್ದನು. ಆ ವಿದೂಷಕನೇ ಅಂದು ಗೋಡೆಯಾಗಿ ನಿಂತನು. ಪಂದ್ಯ 1–1 ಸಮವಾಯಿತು. 1966ರಲ್ಲಿ ಜಗತ್ತನ್ನು ಗೆದ್ದ ಇಂಗ್ಲೆಂಡು 1974ರ ವಿಶ್ವಕಪ್ಪಿನ ಬಾಗಿಲಲ್ಲೇ ಉಳಿಯಿತು. ಒಳಗೆ ಹೋದ ಪೋಲೆಂಡ್ ಇಟಲಿಯನ್ನು ಸೋಲಿಸಿ, ಕೊನೆಗೆ ಬ್ರೆಜಿಲನ್ನೂ 1–0ರಿಂದ ಸೋಲಿಸಿ, ಮೂರನೆಯ ಸ್ಥಾನ ಪಡೆಯಿತು.

ಡೆಯ್ನಾನಿಗೆ ಆಗ ವಯಸ್ಸು ಇಪ್ಪತ್ತಾರು. ಇಂಥ ಆಟಗಾರನನ್ನು ಕೊಂಡುಕೊಳ್ಳಲು ಯೂರೋಪಿನ ಸಿರಿವಂತ ಕ್ಲಬ್ಬುಗಳಿಗೆ ಇಷ್ಟವಿಲ್ಲದೆ ಇದ್ದೀತೆ? ಆದರೆ ಎರಡು ಬೀಗಗಳು ಅಡ್ಡ ಇದ್ದುವು. ಇವೆರಡನ್ನೂ ನೀವು ಸ್ವಲ್ಪ ಗಮನವಿಟ್ಟು ನೋಡಬೇಕು.

ಮೊದಲನೆಯ ಬೀಗ ಪೋಲೆಂಡಿನದು. ಪಾಸ್‌ಪೋರ್ಟು ಅಲ್ಲಿ ಪ್ರಜೆಯ ಮನೆಯ ಪೆಟ್ಟಿಗೆಯಲ್ಲಿ ಇರುವ ವಸ್ತುವಾಗಿರಲಿಲ್ಲ. ಸರ್ಕಾರದ ಕೈಯಲ್ಲಿ ಇರುತ್ತಿತ್ತು. ಹೆಸರಾಂತ ಆಟಗಾರರನ್ನು, ದೇಶಕ್ಕಾಗಿ ಸಾಕಷ್ಟು ಆಡಿ ವಯಸ್ಸು ಮೂವತ್ತರ ಸಮೀಪಕ್ಕೆ ಬರುವವರೆಗೆ, ಹೊರಗಿನ ಕ್ಲಬ್ಬುಗಳಿಗೆ ಬಿಡುತ್ತಿರಲಿಲ್ಲ. ಡೆಯ್ನಾನಾದರೋ ದಫ್ತರದಲ್ಲಿ ಸೇನೆಯ ಅಧಿಕಾರಿ. ಸಮವಸ್ತ್ರ ತೊಟ್ಟವನು ಪಶ್ಚಿಮದ ದೇಶಕ್ಕೆ ಹೋಗಿ ಹಣಕ್ಕೆ ಆಡುವುದೆಂದರೆ ಏನು ಮಾತು!

ಎರಡನೆಯ ಬೀಗ ಇಂಗ್ಲೆಂಡಿನದು. ಸ್ವಾತಂತ್ರ್ಯದ ತವರೆಂದು ಹೇಳಿಕೊಳ್ಳುತ್ತಿದ್ದ ಆ ದೇಶದಲ್ಲಿಯೂ ಬಾಗಿಲು ಮುಚ್ಚಿಯೇ ಇತ್ತು ಎಂದರೆ ನಿಮಗೆ ಆಶ್ಚರ್ಯವಾದೀತು. 1930ರಲ್ಲಿ ಲಂಡನ್ನಿನ ಆರ್ಸೆನಲ್ ಕ್ಲಬ್ಬು ಆಸ್ಟ್ರಿಯದ ಗೋಲ್‌ಕೀಪರ್ ರೂಡಿ ಹಿಡನ್ ಎಂಬವನನ್ನು ಕರೆತರಲು ಹೊರಟಿತು. ನಮ್ಮವರ ಕೂಳಿಗೆ ಕಲ್ಲು ಬೀಳುತ್ತದೆ ಎಂದು ಗದ್ದಲವೆದ್ದಿತು. ಸರ್ಕಾರದ ಕಾರ್ಮಿಕ ಇಲಾಖೆ ಅನುಮತಿ ಕೊಡಲಿಲ್ಲ. ಮರುವರ್ಷ ಫುಟ್‌ಬಾಲ್ ಅಸೋಸಿಯೇಷನ್ ಒಂದು ನಿಯಮ ಮಾಡಿತು: ಎರಡು ವರ್ಷ ಬ್ರಿಟನ್ನಿನಲ್ಲಿ ನೆಲೆಸಿದ ಹೊರತು ಹೊರದೇಶದವನು ಅಲ್ಲಿ ವೃತ್ತಿಯ ಆಟಗಾರನಾಗುವಂತಿಲ್ಲ. ಆಡಿದರಲ್ಲವೆ ಅನ್ನ, ಎರಡು ವರ್ಷ ಆಡದೆ ಕೂರುವವರು ಯಾರು? ಹೀಗಾಗಿ ಯುದ್ಧವೋ ಬೇರೆ ಕಾರಣವೋ ತಂದು ಬಿಟ್ಟವರಿಗೆ ಮಾತ್ರ ಆ ಬಾಗಿಲು ತೆರೆಯುತ್ತಿತ್ತು. ಅದೇ ಮ್ಯಾಂಚೆಸ್ಟರ್ ಸಿಟಿಯಲ್ಲಿ 1949ರಿಂದ ಆಡಿದ ಬರ್ಟ್ ಟ್ರಾಟ್‌ಮನ್ ಜರ್ಮನ್ ಯುದ್ಧಕೈದಿಯಾಗಿ ಬಂದು ಅಲ್ಲಿಯೇ ನಿಂತವನು. ಪೋಲೆಂಡಿನ ಸೈನಿಕರಂತೂ 1947ರ ಪುನರ್ವಸತಿ ಕಾಯಿದೆಯ ಆಸರೆಯಲ್ಲಿ ಲಕ್ಷಕ್ಕೂ ಹೆಚ್ಚು ಮಂದಿ ಬ್ರಿಟನ್ನಿನಲ್ಲಿ ಮನೆ ಮಾಡಿದ್ದರು. ಆದರೆ ಡೆಯ್ನಾನಂಥವನು ನೇರವಾಗಿ ವಾರ್ಸಾದಿಂದ ಬಂದು ಆಡುವುದು ಆಗದ ಮಾತಾಗಿತ್ತು.

1978ನೆಯ ಇಸವಿಯಲ್ಲಿ ಎರಡು ಬೀಗಗಳೂ ಸಡಿಲಿದುವು. ಆಟಗಾರರಿಗೂ ದೇಶದೇಶದ ನಡುವೆ ಕೆಲಸಕ್ಕೆ ಹೋಗುವ ಹಕ್ಕುಂಟೆಂದು ಯೂರೋಪಿನ ಆರ್ಥಿಕ ಸಮುದಾಯವು ಒತ್ತಾಯಿಸಿದ್ದರಿಂದ ಇಂಗ್ಲೆಂಡಿನವರು ಹಳೆಯ ನಿಯಮವನ್ನು ಕೈಬಿಟ್ಟರು. ಬೇಸಿಗೆಯಲ್ಲಿಯೇ ಅರ್ಜೆಂಟೀನದ ಆರ್ಡಿಲೆಸ್ ಮತ್ತು ವಿಲ್ಲಾ ಲಂಡನ್ನಿನ ಟಾಟನ್‌ಹ್ಯಾಮ್ ಕ್ಲಬ್ಬಿಗೆ ಬಂದರು. ಅತ್ತ ಪೋಲೆಂಡಿನಲ್ಲಿ ಡೆಯ್ನಾನ ಮೇಲಿನ ಅಭಿಮಾನ ತಗ್ಗಿತ್ತು. 1977ರ ಅಕ್ಟೋಬರಿನಲ್ಲಿ ಹೋಜುಫ್ ಎಂಬಲ್ಲಿ ಪೋರ್ಚುಗಲ್ ವಿರುದ್ಧ ಅವನು ಮೂಲೆಯಿಂದ ಒದ್ದ ಚೆಂಡು ನೇರವಾಗಿ ಗೋಲಿನೊಳಗೆ ಹೋಗಿ ದೇಶಕ್ಕೆ ವಿಶ್ವಕಪ್ಪಿನ ದಾರಿ ಮಾಡಿಕೊಟ್ಟಿತು. ಆದರೂ ಆ ಪ್ರಾಂತದ ಪ್ರೇಕ್ಷಕರು ರಾಜಧಾನಿಯ ಈ ಆಟಗಾರನನ್ನು ಸಿಳ್ಳು ಹಾಕಿ ಹೀಗಳೆದರು. 1978ರ ಜೂನ್ 14ರಂದು ಅರ್ಜೆಂಟೀನದ ರೊಸಾರಿಯೋ ನಗರದಲ್ಲಿ ಆತಿಥೇಯರ ವಿರುದ್ಧ ಅವನು ಒದ್ದ ಪೆನಾಲ್ಟಿಯನ್ನು ಗೋಲ್‌ಕೀಪರ್ ಫಿಲ್ಯೋಲ್ ತಡೆದನು. ಪೋಲೆಂಡ್ 2–0ರಿಂದ ಸೋತಿತು. ದೇಶಕ್ಕಾಗಿ 97 ಪಂದ್ಯ ಆಡಿ 41 ಗೋಲು ಹೊಡೆದವನ ಕೊನೆಯ ಪಂದ್ಯಾವಳಿ ಅದು. ಇನ್ನು ಬೇಕಾದರೆ ಹೋಗಬಹುದು ಎಂದಾಯಿತು. ಬೇಕಾದಾಗ ಬಿಡದೆ, ಬೇಡವಾದಾಗ ಬಿಟ್ಟರು.

ಹೀಗೆ 1978ರ ನವೆಂಬರಿನಲ್ಲಿ, ಮೂವತ್ತೊಂದು ತುಂಬಿದ ಮೇಲೆ, ಡೆಯ್ನಾ ಮ್ಯಾಂಚೆಸ್ಟರಿಗೆ ಬಂದನು. ಅವನಿಗಾಗಿ ಸಿಟಿ ಕ್ಲಬ್ಬು ಸುಮಾರು ಒಂದು ಲಕ್ಷ ಪೌಂಡು ಕೊಟ್ಟಿತೆಂದೂ, ಅದರ ಜೊತೆಗೆ ನಕಲು ತೆಗೆಯುವ ಯಂತ್ರಗಳನ್ನೂ ವೈದ್ಯಕೀಯ ಸಾಮಗ್ರಿಗಳನ್ನೂ ಕಳುಹಿಸಿತೆಂದೂ ಹೇಳಿಕೊಂಡು ಬಂದಿದ್ದಾರೆ. ಅಂದಿನ ಪೋಲೆಂಡಿನಲ್ಲಿ ವಿದೇಶದ ಹಣಕ್ಕೂ ಯಂತ್ರಕ್ಕೂ ಎಷ್ಟು ಬರವಿತ್ತು ಎಂಬುದನ್ನು ನೆನೆದರೆ ಈ ಮಾತು ಹಾಸ್ಯವಾಗಿ ತೋರದು.

ಅಲ್ಲಿ ಅವನಿಗೆ ಎದುರಾದುದೇನು? ಚಳಿಗಾಲದ ಕೆಸರು, ಬಾರದ ಭಾಷೆ, ಚೆಂಡಿಗಿಂತ ಮೊದಲು ಕಾಲಿಗೆ ಬರುವ ಎದುರಾಳಿ. ಇಂಗ್ಲಿಷರ ಆಟ ಓಟದ ಆಟ. ಇವನದು ನೋಟದ ಆಟ. ಮೇಲಿಂದ ಮೇಲೆ ಪೆಟ್ಟೂ ಆಯಿತು. ಕ್ಲಬ್ಬಿನೊಳಗೂ ನೆಮ್ಮದಿ ಇರಲಿಲ್ಲ. ಕರೆಸಿದವನು ಟೋನಿ ಬುಕ್. ಕೆಲವೇ ವಾರಗಳಲ್ಲಿ, 1979ರ ಜನವರಿಯಲ್ಲಿ, ಮಾಲ್ಕಂ ಆಲಿಸನ್ ಬಂದು ಅಧಿಕಾರ ಹಿಡಿದನು. ಹಳಬರು ಹೋದರು, ಹೊಸಬರು ಬಂದರು. ಆ ವರ್ಷವೇ ಸೆಪ್ಟೆಂಬರಿನಲ್ಲಿ ಸ್ಟೀವ್ ಡೇಲಿ ಎಂಬ ಆಟಗಾರನಿಗೆ ಕ್ಲಬ್ಬು ಹದಿನಾಲ್ಕು ಲಕ್ಷಕ್ಕೂ ಮೀರಿ ಪೌಂಡು ಸುರಿಯಿತು. ಲಕ್ಷದವನು ಬೆಂಚಿನ ಮೇಲೆ ಕೂರುವ ದಿನಗಳು ಹೆಚ್ಚಾದುವು.

ಆದರೂ ಒಂದು ಸಂಗತಿಯನ್ನು ನೀವು ಮರೆಯಬಾರದು. 1979ರ ವಸಂತದಲ್ಲಿ ಸಿಟಿ ಕ್ಲಬ್ಬು ಕೆಳಗಿನ ದರ್ಜೆಗೆ ಬೀಳುವ ಭಯದಲ್ಲಿತ್ತು. ಆ ಕೊನೆಯ ವಾರಗಳಲ್ಲಿ ಡೆಯ್ನಾನಿಗೆ ಮೈ ಕೂಡಿಬಂದಿತು. ಪಂದ್ಯದ ಮೇಲೆ ಪಂದ್ಯದಲ್ಲಿ ಗೋಲು ಹೊಡೆದನು. ಇಪ್ಪತ್ತೆರಡು ತಂಡಗಳ ಪಟ್ಟಿಯಲ್ಲಿ ಸಿಟಿ ಹದಿನೈದನೆಯದಾಗಿ ಉಳಿದುಕೊಂಡಿತು. 13 ಗೋಲು ಎಂದು ಬರೆದ ಸಾಲಿನಲ್ಲಿ ಆ ಗೋಲುಗಳು ಯಾವ ಹೊತ್ತಿನಲ್ಲಿ ಬಂದುವು ಎಂಬುದು ಇಲ್ಲ. ಹಸಿದವನಿಗೆ ಕೊಟ್ಟ ತುತ್ತನ್ನೂ ಹಬ್ಬದೂಟದ ತುತ್ತನ್ನೂ ಒಂದೇ ಲೆಕ್ಕದಲ್ಲಿ ಬರೆಯಲಾದೀತೆ?

1980ರಲ್ಲಿ ಹಂಗೆರಿಯ ಬುಡಾಪೆಸ್ಟಿನಲ್ಲಿ ಜಾನ್ ಹ್ಯೂಸ್ಟನ್ ಒಂದು ಚಲಚ್ಚಿತ್ರ ತೆಗೆದನು. ಯುದ್ಧಕೈದಿಗಳು ಜರ್ಮನರೊಡನೆ ಕಾಲ್ಚೆಂಡಾಡುವ ಕಥೆ. ಪೆಲೆ, ಬಾಬಿ ಮೂರ್, ಆರ್ಡಿಲೆಸ್ ಇವರೊಡನೆ ಡೆಯ್ನಾನೂ ಅದರಲ್ಲಿ ಪೋಲಿಷ್ ಕೈದಿಯ ಪಾತ್ರ ವಹಿಸಿದನು. ಹನ್ನೆರಡು ವರ್ಷ ಸಮವಸ್ತ್ರದ ಹೆಸರಿನಲ್ಲಿ ಕಟ್ಟುಬಿದ್ದವನು ಸೆರೆಯಾಳಿನ ವೇಷ ತೊಟ್ಟದ್ದು ವಿಧಿಯ ವಿನೋದವೇ ಸರಿ. 1981ರ ಆರಂಭದಲ್ಲಿ ಅವನು ಅಮೆರಿಕದ ಸ್ಯಾನ್ ಡಿಯೇಗೋ ಕ್ಲಬ್ಬಿಗೆ ಹೋದನು. ಅಲ್ಲಿ 1987ರ ವರೆಗೆ ಆಡಿದನು.

1989ರ ಸೆಪ್ಟೆಂಬರ್ 1ರಂದು ಅದೇ ಸ್ಯಾನ್ ಡಿಯೇಗೋವಿನ ಹೆದ್ದಾರಿಯಲ್ಲಿ ಡೆಯ್ನಾನ ಕಾರು ನಿಂತಿದ್ದ ಲಾರಿಯೊಂದಕ್ಕೆ ಬಡಿದು ಅವನು ತೀರಿಕೊಂಡನು. ವಯಸ್ಸು ನಾಲ್ವತ್ತೊಂದು. ಆ ದಿನಾಂಕವನ್ನು ನೋಡಿದಿರಾ? ಜರ್ಮನ್ ಸೈನ್ಯ ಪೋಲೆಂಡಿನೊಳಗೆ ನುಗ್ಗಿ ಅಂದಿಗೆ ಸರಿಯಾಗಿ ಐವತ್ತು ವರ್ಷ. ಎಂಟು ದಿನ ಹಿಂದೆ, ಆಗಸ್ಟ್ 24ರಂದು, ವಾರ್ಸಾದಲ್ಲಿ ಮಜೋವಿಯೆತ್‌ಸ್ಕಿ ಪ್ರಧಾನಿಯಾಗಿದ್ದನು. ನಾಲ್ಕು ದಶಕಗಳಲ್ಲಿ ಕಮ್ಯೂನಿಸ್ಟನಲ್ಲದ ಮೊದಲ ಪ್ರಧಾನಿ. ಬೀಗ ಹಾಕಿದ್ದ ಮನೆಯ ಬಾಗಿಲು ತೆರೆಯುವ ಸದ್ದು ಕೇಳಿಸುತ್ತಿದ್ದಾಗಲೇ, ಆ ಬೀಗದಿಂದ ಎಲ್ಲರಿಗಿಂತ ಹೆಚ್ಚು ಕಳೆದುಕೊಂಡವರಲ್ಲಿ ಒಬ್ಬನಾದ ಅವನು ದೂರದ ನೆಲದಲ್ಲಿ ಕಣ್ಣು ಮುಚ್ಚಿದನು.

ಮುಂದಿನವರಿಗೆ ದಾರಿ ಸುಗಮವಾಯಿತು. ಪೋಲೆಂಡಿನ ಗೋಲ್‌ಕೀಪರ್ ಯೆಜಿ ದೂದೆಕ್ 2001ರಲ್ಲಿ, ಇಪ್ಪತ್ತೆಂಟರ ಹರೆಯದಲ್ಲಿ, ಲಿವರ್‌ಪೂಲಿಗೆ ಬಂದನು. 2005ರಲ್ಲಿ ಇಸ್ತಾಂಬುಲ್ಲಿನ ಅಂತಿಮ ಪಂದ್ಯದಲ್ಲಿ ಪೆನಾಲ್ಟಿಗಳನ್ನು ತಡೆದು ಯೂರೋಪಿನ ಕಪ್ಪನ್ನು ಗೆಲ್ಲಿಸಿದನು. 2004ರಲ್ಲಿ ಪೋಲೆಂಡ್ ಯೂರೋಪಿಯನ್ ಒಕ್ಕೂಟವನ್ನು ಸೇರಿದ ಮೇಲೆ ಅನುಮತಿಯ ಪ್ರಶ್ನೆ ಆಟಗಾರರನ್ನು ಹಾಗೆ ಕಾಡಲಿಲ್ಲ. ಆಳಿದ ಮೇಲೆ ಅರಸನನ್ನು ನೆನೆದಂತೆ, ಲೆಗಿಯಾ ಕ್ಲಬ್ಬು ಡೆಯ್ನಾ ತೊಡುತ್ತಿದ್ದ 10ನೆಯ ಅಂಕಿಯ ಅಂಗಿಯನ್ನು 2006ರಲ್ಲಿ ಯಾರಿಗೂ ಕೊಡದೆ ಎತ್ತಿಟ್ಟಿತು. 2012ರ ಜೂನಿನಲ್ಲಿ ಅವನ ಅವಶೇಷವನ್ನು ಅಮೆರಿಕದಿಂದ ತಂದು ವಾರ್ಸಾದ ಸೈನಿಕ ಸ್ಮಶಾನದಲ್ಲಿ ಇಟ್ಟರು. ಕ್ಲಬ್ಬಿನ ಮೈದಾನದ ಬಳಿ ಅವನ ಪ್ರತಿಮೆ ನಿಂತಿತು.

ಇನ್ನು ಮೊದಲಿನ ಸಾಲಿಗೆ ಬರೋಣ: 43 ಪಂದ್ಯ, 13 ಗೋಲು. ಲೆಕ್ಕ ಸುಳ್ಳಲ್ಲ. ಆದರೆ ಇಪ್ಪತ್ತಾರರಲ್ಲಿ ಬರಬೇಕಾದವನು ಮೂವತ್ತೊಂದರಲ್ಲಿ ಬಂದನೆಂಬುದೂ, ನಡುವಿನ ಐದು ವರ್ಷ ಅವನ ಕೈಯಲ್ಲಿ ಇರಲಿಲ್ಲವೆಂಬುದೂ ಲೆಕ್ಕದ ಪುಸ್ತಕಕ್ಕೆ ಸೇರದ ಮಾತು. ಮುಂದೆ ಎಂದಾದರೂ ನಿಮ್ಮ ಮನೆಯ ರೇಡಿಯೋದಲ್ಲಿ ಹೆಸರೊಂದು ಹಾದುಹೋದಾಗ, ಎಷ್ಟು ಗೋಲು ಎಂದು ಕೇಳುವ ಜೊತೆಗೆ, ಇವನು ಇಲ್ಲಿಗೆ ಬರಲು ಎಷ್ಟು ಬಾಗಿಲು ದಾಟಬೇಕಾಯಿತು ಎಂದೂ ಒಮ್ಮೆ ಕೇಳಿಕೊಳ್ಳಿ.