ಗಡಿ ದಾಟುವ ಕಳ್ಳ, ಗಡಿಯಲ್ಲಿ ನಿಲ್ಲುವ ಕಡತ

ಪೊಲೀಸ್ ಠಾಣೆಯ ಸಮಾಚಾರಕ್ಕೂ ನಮ್ಮ ಸಂಘದ ಪತ್ರಿಕೆಗೂ ಏನು ಸಂಬಂಧ ಎಂದು ಕೆಲವು ಓದುಗರು ಹುಬ್ಬೇರಿಸಬಹುದು. ಸಂಬಂಧವಿದೆ. ನಾವು ಹೊರನಾಡ ಕನ್ನಡಿಗರು; ಎರಡು ರಾಜ್ಯಗಳಲ್ಲಿ ಕಾಲೂರಿ ಬಾಳುವವರು. ಹುಟ್ಟಿದ ಊರಿನ ದಾಖಲೆ ಒಂದು ರಾಜ್ಯದಲ್ಲಿ, ಅನ್ನ ಕೊಡುವ ಊರಿನ ದಾಖಲೆ ಇನ್ನೊಂದು ರಾಜ್ಯದಲ್ಲಿ. ಪಾಸ್‌ಪೋರ್ಟಿಗೆ ಅರ್ಜಿ ಹಾಕಿದಾಗ, ಬಾಡಿಗೆ ಮನೆ ಹಿಡಿದಾಗ, ರೈಲಿನಲ್ಲಿ ಪೆಟ್ಟಿಗೆ ಕಳುವಾದಾಗ, ಎಲ್ಲಕ್ಕಿಂತ ಮಿಗಿಲಾಗಿ ಮನೆಯ ಮಗುವೊಂದು ಕಾಣೆಯಾದಾಗ, ಒಂದು ರಾಜ್ಯದ ಪೊಲೀಸರಿಗೆ ಗೊತ್ತಿರುವುದು ಇನ್ನೊಂದು ರಾಜ್ಯದವರಿಗೆ ಗೊತ್ತಿದೆಯೇ ಎಂಬ ಪ್ರಶ್ನೆ ನಮ್ಮ ಪಾಲಿಗೆ ಬರಿಯ ಆಡಳಿತದ ಪ್ರಶ್ನೆಯಾಗಿ ಉಳಿಯುವುದಿಲ್ಲ. ಆ ತಿಳಿವಳಿಕೆಯ ವಿನಿಮಯಕ್ಕೆ ಸರ್ಕಾರ ಹಣ ಕೊಡುತ್ತ ಬಂದ ಕಥೆಯನ್ನು ಇಲ್ಲಿ ನೋಡೋಣ.

ಗಡಿಯ ತೊಡಕು ಇಂದು ನಿನ್ನೆಯದಲ್ಲ. ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ಭಾರತ ನೂರಾರು ಸಂಸ್ಥಾನಗಳ ನಾಡಾಗಿತ್ತು. ಒಂದು ಸಂಸ್ಥಾನದಲ್ಲಿ ದಾರಿಹೋಕರನ್ನು ಕೊಂದು ದೋಚಿದವನು ಹೊಳೆ ದಾಟಿ ಇನ್ನೊಂದು ಸಂಸ್ಥಾನ ಸೇರಿದರೆ ಅವನನ್ನು ಕೇಳುವವರಿರಲಿಲ್ಲ. 1830ರ ದಶಕದಲ್ಲಿ ಕಂಪನಿ ಸರ್ಕಾರ ಥಗ್ಗರ ದಮನಕ್ಕೆಂದೇ ಒಂದು ಇಲಾಖೆ ತೆರೆದು ವಿಲಿಯಂ ಸ್ಲೀಮನ್ ಎಂಬ ಅಧಿಕಾರಿಯ ಕೈಗೆ ಕೊಟ್ಟಿತು. ಮಾಫಿಸಾಕ್ಷಿಗಳಿಂದ ಹೇಳಿಕೆ ಪಡೆದು, ಹೆಸರು, ವಂಶಾವಳಿ, ಓಡಾಡುವ ದಾರಿಗಳನ್ನೆಲ್ಲ ಬರೆದಿಟ್ಟು, ಸಂಸ್ಥಾನಗಳ ಗಡಿಗಳನ್ನು ಮೀರಿ ಆ ಮಾಹಿತಿಯನ್ನು ಬಳಸಿದ್ದೇ ಆ ಇಲಾಖೆಯ ಬಲ. ಈ ಕಥೆಗೆ ನಮ್ಮ ನಾಡಿನ ನಂಟೂ ಒಂದಿದೆ. ನಿಜಾಮರ ಸೇವೆಯಲ್ಲಿದ್ದು, ಮುಂದೆ ಸುರಪುರದ ಆಡಳಿತ ನೋಡಿಕೊಂಡ ಮೆಡೋಸ್ ಟೇಲರ್ 1839ರಲ್ಲಿ ಪ್ರಕಟಿಸಿದ ಕಾದಂಬರಿಯಿಂದಲೇ ಥಗ್ಗರ ಹೆಸರು ಇಂಗ್ಲೆಂಡಿನ ಮನೆಮನೆಗೆ ತಲುಪಿತು. ಥಗ್ಗರ ಬಗೆಗೆ ಬ್ರಿಟಿಷರು ಬರೆದುದರಲ್ಲಿ ಸತ್ಯವೆಷ್ಟು, ಉತ್ಪ್ರೇಕ್ಷೆಯೆಷ್ಟು ಎಂದು ಇತಿಹಾಸಕಾರರು ಇಂದಿಗೂ ಚರ್ಚಿಸುತ್ತಾರೆ. ಅದನ್ನೂ ನೆನಪಿಡಬೇಕು. ಕಡತದಲ್ಲಿ ಬರೆದದ್ದೆಲ್ಲ ಸತ್ಯವಾಗಬೇಕೆಂದಿಲ್ಲ.

ಈ ಮಾತಿಗೆ ಕಠೋರ ಸಾಕ್ಷಿ 1871ರ ಅಪರಾಧಿ ಬುಡಕಟ್ಟುಗಳ ಕಾಯಿದೆ. ಊರಿಂದೂರಿಗೆ ಅಲೆದು ಬದುಕುವ ಹಲವು ಸಮುದಾಯಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ರಿಜಿಸ್ಟರಿನಲ್ಲಿ ಬರೆದು ಠಾಣೆಯಲ್ಲಿ ಹಾಜರಿ ಹಾಕಿಸಿದ ಕಾಯಿದೆ ಅದು. ಸ್ವತಂತ್ರ ಭಾರತ 1952ರಲ್ಲಿ ಅದನ್ನು ರದ್ದು ಮಾಡಿತು. ಆದರೆ ಒಮ್ಮೆ ಅಂಟಿದ ಕಳಂಕ ಕಾಯಿದೆಯ ಜೊತೆಗೇ ಹೋಗಲಿಲ್ಲ.

ಒಬ್ಬ ಮನುಷ್ಯನನ್ನು ತಪ್ಪಿಲ್ಲದೆ ಗುರುತಿಸುವ ವಿದ್ಯೆಗೆ ನೆಲೆ ಸಿಕ್ಕಿದ್ದು ಕಲ್ಕತ್ತದಲ್ಲಿ. 1897ರಲ್ಲಿ ಅಲ್ಲಿ ಜಗತ್ತಿನ ಮೊದಲನೆಯ ಬೆರಳಚ್ಚು ಕಾರ್ಯಾಲಯ ಆರಂಭವಾಯಿತು. ಎಡ್ವರ್ಡ್ ಹೆನ್ರಿಯ ಹೆಸರಿನಲ್ಲಿ ಪ್ರಸಿದ್ಧವಾದ ವರ್ಗೀಕರಣದ ಹಿಂದೆ ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್ ಎಂಬ ಇಬ್ಬರು ಭಾರತೀಯ ಪೊಲೀಸ್ ನೌಕರರ ಬುದ್ಧಿಬಲ ಇತ್ತು. ನಾಲ್ಕು ವರ್ಷಗಳಲ್ಲಿ, ಅಂದರೆ 1901ರಲ್ಲಿ, ಈ ಪದ್ಧತಿ ಲಂಡನ್ನಿನ ಸ್ಕಾಟ್‌ಲೆಂಡ್ ಯಾರ್ಡಿಗೂ ಹೋಯಿತು. ಮುಂದೆ ಇಡೀ ದೇಶದ ಬೆರಳಚ್ಚುಗಳನ್ನು ಒಂದೆಡೆ ಸೇರಿಸಲು ಶಿಮ್ಲಾದಲ್ಲಿ ಒಂದು ಕೇಂದ್ರ ಕಾರ್ಯಾಲಯ ತೆರೆದರು. ಆದರೆ 1922ರಲ್ಲಿ ಸರ್ಕಾರ ಖರ್ಚು ಕಡಿತಕ್ಕೆ ಕೈಹಾಕಿದಾಗ ಅದು ಮುಚ್ಚಿಹೋಯಿತು. ಪ್ರಾಂತ್ಯಗಳು ತಂತಮ್ಮ ಬೆರಳಚ್ಚುಗಳನ್ನು ತಂತಮ್ಮ ಕಪಾಟಿನಲ್ಲಿಟ್ಟುಕೊಂಡವು. ಕೇಂದ್ರದ ಕಾರ್ಯಾಲಯ ಮತ್ತೆ ಜೀವ ತಳೆದದ್ದು ಸ್ವಾತಂತ್ರ್ಯ ಬಂದ ಮೇಲೆ, 1950ರ ದಶಕದ ನಡುವಿನಲ್ಲಿ. ವಿದ್ಯೆ ಇತ್ತು, ನಿಪುಣರಿದ್ದರು, ಹಣ ನಿಂತಿತು, ಕೆಲಸವೂ ನಿಂತಿತು. ನಮ್ಮ ಕಥೆಯ ಮೊದಲ ಪಾಠ ಇದೇ.

ಇನ್ನು ಸಂವಿಧಾನದ ಮಾತು. ಏಳನೆಯ ಅನುಸೂಚಿಯ ಪ್ರಕಾರ ಪೊಲೀಸ್ ಎಂಬುದು ರಾಜ್ಯಪಟ್ಟಿಗೆ ಸೇರಿದ ವಿಷಯ. ಮಹಾರಾಷ್ಟ್ರದ ಠಾಣೆ ಯಾವ ನಮೂನೆಯಲ್ಲಿ ದೂರು ಬರೆಯಬೇಕು, ತಮಿಳುನಾಡಿನ ಠಾಣೆ ಯಾವ ಯಂತ್ರ ಕೊಳ್ಳಬೇಕು ಎಂದು ದೆಹಲಿ ನೇರವಾಗಿ ಅಪ್ಪಣೆ ಮಾಡುವುದು ಸುಲಭವಲ್ಲ. ಆದರೆ ಸಂವಿಧಾನವೇ ಒಂದು ಕಿಂಡಿ ಬಿಟ್ಟಿದೆ. ಕಾನೂನು ಮಾಡುವ ಅಧಿಕಾರ ತನಗಿಲ್ಲದ ವಿಷಯದಲ್ಲಿಯೂ ಸಾರ್ವಜನಿಕ ಉದ್ದೇಶಕ್ಕಾಗಿ ಕೇಂದ್ರ ಅನುದಾನ ಕೊಡಬಹುದೆಂದು 282ನೆಯ ವಿಧಿ ಹೇಳುತ್ತದೆ. ಅಪ್ಪಣೆಯ ಬದಲು ಹಣ. ಹಣದ ಜೊತೆಗೆ ಷರತ್ತು.

1969-70ರಲ್ಲಿ ರಾಜ್ಯಗಳ ಪೊಲೀಸ್ ಪಡೆಗಳನ್ನು ಆಧುನಿಕಗೊಳಿಸುವ ಯೋಜನೆ ಹುಟ್ಟಿತು. ವಾಹನ, ವೈರ್‌ಲೆಸ್, ನ್ಯಾಯವಿಜ್ಞಾನದ ಪ್ರಯೋಗಾಲಯ, ಶಸ್ತ್ರಾಸ್ತ್ರ ಇತ್ಯಾದಿಗಳಿಗೆ ಕೇಂದ್ರ ನೆರವು ಕೊಡತೊಡಗಿತು. ಕಂಪ್ಯೂಟರು ಬಂದ ಮೇಲೆ ಅದಕ್ಕೂ ಹಣ ಬಂದಿತು. 1986ರಲ್ಲಿ ರಾಷ್ಟ್ರೀಯ ಅಪರಾಧ ದಾಖಲೆ ವಿಭಾಗ ಸ್ಥಾಪನೆಯಾಯಿತು. ಪೊಲೀಸ್ ಕಂಪ್ಯೂಟರುಗಳ ಸಮನ್ವಯ ಕಚೇರಿ, ಕೇಂದ್ರ ಬೆರಳಚ್ಚು ಕಾರ್ಯಾಲಯ, ಅಂತರರಾಜ್ಯ ಅಪರಾಧಿಗಳ ಮಾಹಿತಿ ಶಾಖೆ, ಅಪರಾಧಗಳ ಅಂಕಿಅಂಶ ಶಾಖೆ, ಹೀಗೆ ಚೆದುರಿಹೋಗಿದ್ದ ನಾಲ್ಕು ಘಟಕಗಳು ಒಂದು ಸೂರಿನಡಿ ಬಂದವು. 1990ರ ದಶಕದಲ್ಲಿ ಜಿಲ್ಲಾ ಮಟ್ಟಕ್ಕೆ ಕಂಪ್ಯೂಟರುಗಳು ಇಳಿದವು. ಆದರೆ ಠಾಣೆಯಲ್ಲಿ ಕೈಬರಹದ ಪುಸ್ತಕ, ಜಿಲ್ಲೆಯಲ್ಲಿ ಯಂತ್ರ. ನಡುವಿನ ದಾರಿಯಲ್ಲಿ ಕಾಗದ ಎಷ್ಟು ದಿನ ಉಳಿಯುತ್ತಿತ್ತೆಂಬುದನ್ನು ಓದುಗರೇ ಊಹಿಸಬಲ್ಲರು.

ರಾಜ್ಯಗಳ ಗಡಿ ಎಷ್ಟು ದುಬಾರಿ ಎಂಬುದನ್ನು ಕನ್ನಡಿಗರಿಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ. ವೀರಪ್ಪನ್ ಎರಡು ರಾಜ್ಯಗಳ ಕಾಡುಗಳನ್ನು ಒಂದೇ ಮನೆಯ ಎರಡು ಕೋಣೆಗಳಂತೆ ಬಳಸಿದ. ಕರ್ನಾಟಕಕ್ಕೊಂದು, ತಮಿಳುನಾಡಿಗೊಂದು ವಿಶೇಷ ಕಾರ್ಯಪಡೆ ಬೇಕಾಯಿತು. 2000ದ ಜುಲೈ 30ರಂದು ಡಾ. ರಾಜ್‌ಕುಮಾರ್ ಅವರ ಅಪಹರಣವಾದಾಗ 108 ದಿನಗಳ ಕಾಲ ಎರಡು ಸರ್ಕಾರಗಳೂ ಉಸಿರು ಬಿಗಿಹಿಡಿದು ಕುಳಿತಿದ್ದವು. 2004ರ ಅಕ್ಟೋಬರಿನಲ್ಲಿ ಅವನ ಅಂತ್ಯವಾಗುವವರೆಗೆ ಆ ಅಧ್ಯಾಯ ಮುಗಿಯಲಿಲ್ಲ.

ಆ ಹೊತ್ತಿಗೆ ಕೇಂದ್ರ ಹಣದ ಕೈಯನ್ನು ಸ್ವಲ್ಪ ಸಡಿಲಿಸಿತ್ತು. ಆಧುನೀಕರಣ ಯೋಜನೆಗೆ 2000-01ರಲ್ಲಿ ಹೊಸ ರೂಪ ಕೊಟ್ಟು ವರ್ಷಕ್ಕೆ 1,000 ಕೋಟಿ ರೂಪಾಯಿಯ ಲೆಕ್ಕ ಹಾಕಲಾಯಿತು. ಅದೇ ಯೋಜನೆಯಡಿ 2004ರ ನಂತರ ಠಾಣೆಗಳಿಗೆ ಒಂದು ಸಾಮಾನ್ಯ ತಂತ್ರಾಂಶ ಬಂದಿತು. ದೂರು, ತನಿಖೆ, ಆರೋಪಪಟ್ಟಿ ಎಲ್ಲವನ್ನೂ ಅದರಲ್ಲಿ ಬರೆಯಬಹುದಾಗಿತ್ತು. ಆದರೆ ಒಂದು ಠಾಣೆಯ ಯಂತ್ರ ಇನ್ನೊಂದು ಠಾಣೆಯ ಯಂತ್ರದೊಡನೆ ಮಾತಾಡುತ್ತಿರಲಿಲ್ಲ. ಕಪಾಟು ಮರದ್ದಾಗಿದ್ದುದು ಲೋಹದ್ದಾಯಿತು; ಬೀಗ ಮಾತ್ರ ಹಾಗೆಯೇ ಉಳಿಯಿತು.

2008ರ ನವೆಂಬರ್ 26ರಂದು ಮುಂಬಯಿಯ ಮೇಲೆ ನಡೆದ ದಾಳಿ ಎಲ್ಲರ ಕಣ್ಣು ತೆರೆಸಿತು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರೆಂಬ ಗಾದೆ ಇಲ್ಲಿ ಸಲ್ಲುತ್ತದಾದರೂ, ಬಾಗಿಲು ಹಾಕುವ ಕೆಲಸವಾದರೂ ನಡೆಯಿತೆಂಬುದು ಸಮಾಧಾನದ ಮಾತು. 2009ರ ಜೂನ್‌ನಲ್ಲಿ ಕೇಂದ್ರ ಸಚಿವ ಸಂಪುಟದ ಆರ್ಥಿಕ ಸಮಿತಿ 2,000 ಕೋಟಿ ರೂಪಾಯಿಗಳ ಒಂದು ಯೋಜನೆಗೆ ಒಪ್ಪಿಗೆ ಕೊಟ್ಟಿತು. ಅಪರಾಧ ಮತ್ತು ಅಪರಾಧಿಗಳ ಜಾಡು ಹಿಡಿಯುವ ಈ ಜಾಲ ಸಿ.ಸಿ.ಟಿ.ಎನ್.ಎಸ್. ಎಂಬ ಅಡ್ಡಹೆಸರಿನಿಂದಲೇ ಪರಿಚಿತ. ಸುಮಾರು 14,000 ಠಾಣೆಗಳನ್ನೂ 6,000 ಮೇಲಿನ ಕಚೇರಿಗಳನ್ನೂ ಒಂದೇ ದಾರದಲ್ಲಿ ಪೋಣಿಸುವುದು ಗುರಿ. ಯಂತ್ರ, ಸಂಪರ್ಕ, ತರಬೇತಿ, ಹಳೆಯ ದಾಖಲೆಗಳನ್ನು ಕಂಪ್ಯೂಟರಿಗೆ ಏರಿಸುವ ಕೆಲಸ ಇವಕ್ಕೆಲ್ಲ ರಾಜ್ಯಗಳಿಗೆ ಕೇಂದ್ರದ ಹಣ. ಮೂಲ ತಂತ್ರಾಂಶವನ್ನು ಸಿದ್ಧಪಡಿಸಿದ್ದು ನಮ್ಮ ಬೆಂಗಳೂರಿನ ವಿಪ್ರೊ ಸಂಸ್ಥೆ. ಅದಾಗಲೇ ‘ಪೊಲೀಸ್ ಐ.ಟಿ.’ ಎಂಬ ತನ್ನದೇ ವ್ಯವಸ್ಥೆಯನ್ನು ಕಟ್ಟಿಕೊಂಡಿದ್ದ ಕರ್ನಾಟಕ ಅದನ್ನೇ ಉಳಿಸಿಕೊಂಡು, ರಾಷ್ಟ್ರದ ಭಂಡಾರಕ್ಕೆ ತನ್ನ ಮಾಹಿತಿಯನ್ನು ಕಳುಹಿಸುವ ದಾರಿ ಹಿಡಿಯಿತು.

ಹಣ ಮಂಜೂರಾದ ವೇಗದಲ್ಲಿ ಕೆಲಸ ಸಾಗಲಿಲ್ಲ. 2013ರ ಜನವರಿಯಲ್ಲಿ ಪ್ರಾಯೋಗಿಕ ಜೋಡಣೆಗೆ ಚಾಲನೆ ಸಿಕ್ಕಾಗ ಕೂಡಿದ್ದು ಸುಮಾರು 2,000 ಕಡೆಗಳು ಮಾತ್ರ. ಗಡುವು ಮುಂದೆ ಹೋಗುತ್ತಲೇ ಇತ್ತು. 2017ರ ಆಗಸ್ಟಿನಲ್ಲಿ ಜನಸಾಮಾನ್ಯರೂ ಪೊಲೀಸರೂ ಬಳಸಬಹುದಾದ ರಾಷ್ಟ್ರೀಯ ತಾಣ ಉದ್ಘಾಟನೆಯಾಯಿತು. ಇಂದು ದೇಶದ ಬಹುತೇಕ ಎಲ್ಲ ಠಾಣೆಗಳೂ ಈ ಜಾಲದಲ್ಲಿವೆ.

ಇದರಿಂದ ನಮಗೇನು ಬಂತು? ಒಂದು ಕಾಲದಲ್ಲಿ ದಕ್ಷಿಣ ಕನ್ನಡದ ಹಳ್ಳಿಗಳಿಂದ ಹೇಳದೆ ಕೇಳದೆ ಬಸ್ಸು ಹತ್ತಿ ಮುಂಬಯಿಯ ಹೋಟೆಲು ಸೇರಿದ ಹುಡುಗರು ಎಷ್ಟೋ ಮಂದಿ. ಊರಿನ ಠಾಣೆಯಲ್ಲಿ ತಂದೆ ಕೊಟ್ಟ ದೂರು ಅಲ್ಲಿಯೇ ಹಳದಿಯಾಗುತ್ತಿತ್ತು. ಹುಡುಗ ಇಲ್ಲಿ ಲೋಟ ತೊಳೆಯುತ್ತಿದ್ದ. ಕಾಣೆಯಾದ ಪ್ರತಿಯೊಂದು ಮಗುವಿನ ದೂರನ್ನೂ ಎಫ್.ಐ.ಆರ್. ಆಗಿ ದಾಖಲಿಸಬೇಕೆಂದು ಸುಪ್ರೀಂ ಕೋರ್ಟು 2013ರಲ್ಲಿ ಆದೇಶಿಸಿತು. ಆ ದೂರು ಜಾಲದೊಳಗೆ ಬಂದರೆ ಸಾವಿರ ಮೈಲಿಯಾಚೆಯ ಠಾಣೆಗೂ ಅದು ಕಾಣಬಲ್ಲುದು. ಸೂಕ್ಷ್ಮ ಪ್ರಕರಣಗಳನ್ನು ಬಿಟ್ಟು ಉಳಿದ ಎಫ್.ಐ.ಆರ್.ಗಳನ್ನು 24 ಗಂಟೆಗಳೊಳಗೆ ಅಂತರ್ಜಾಲದಲ್ಲಿ ಪ್ರಕಟಿಸಬೇಕೆಂದು ಅದೇ ನ್ಯಾಯಾಲಯ 2016ರಲ್ಲಿ ಹೇಳಿತು. 2024ರ ಜುಲೈ 1ರಿಂದ ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯ 173ನೆಯ ಕಲಮಿನಂತೆ, ಅಪರಾಧ ಎಲ್ಲಿಯೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು. “ಇದು ನಮ್ಮ ಹದ್ದಿನದಲ್ಲ, ಅಲ್ಲಿಗೆ ಹೋಗಿ” ಎಂಬ ಉತ್ತರಕ್ಕೆ ಈಗ ಕಾನೂನಿನಲ್ಲಿ ಜಾಗವಿಲ್ಲ.

ಆದರೆ ನಾಣ್ಯದ ಇನ್ನೊಂದು ಮುಖವನ್ನೂ ನೋಡಬೇಕು. ಜಾಲದಲ್ಲಿ ಸರಿಯಾದ ಮಾಹಿತಿ ಎಷ್ಟು ಬೇಗ ಹರಿಯುತ್ತದೋ ತಪ್ಪು ಮಾಹಿತಿಯೂ ಅಷ್ಟೇ ಬೇಗ ಹರಿಯುತ್ತದೆ. ನಮ್ಮ ಹೆಸರುಗಳನ್ನೇ ತೆಗೆದುಕೊಳ್ಳಿ. ಹಳೆಯ ಮೈಸೂರಿನವರು ಊರಿನ ಹೆಸರು, ತಂದೆಯ ಹೆಸರುಗಳ ಮೊದಲಕ್ಷರಗಳನ್ನು ಮುಂದಿಟ್ಟು ಬರೆಯುತ್ತಾರೆ. ಉತ್ತರ ಕರ್ನಾಟಕದವರಿಗೆ ಅಡ್ಡಹೆಸರಿದೆ. ಮುಂಬಯಿಯ ಗುಮಾಸ್ತ ಅಡ್ಡಹೆಸರಿಲ್ಲದ ಮನುಷ್ಯನನ್ನು ಒಪ್ಪುವುದಿಲ್ಲ. ಊರಿನ ಹೆಸರನ್ನೋ ಅಪ್ಪನ ಹೆಸರನ್ನೋ ಅಡ್ಡಹೆಸರಾಗಿಸಿ ಬರೆದುಬಿಡುತ್ತಾನೆ. ಲಕ್ಷ್ಮಿ ಎಂಬುದನ್ನು ಇಂಗ್ಲಿಷಿನಲ್ಲಿ ನಾಲ್ಕು ಬಗೆಯಾಗಿ ಬರೆಯಬಹುದು. ಯಂತ್ರಕ್ಕೆ ಅವರು ನಾಲ್ವರು ಲಕ್ಷ್ಮಿಯರು! ಬೇಕಾದವನು ತಪ್ಪಿಸಿಕೊಳ್ಳುವುದಕ್ಕೂ, ಬೇಡವಾದವನು ಸಿಕ್ಕಿಬೀಳುವುದಕ್ಕೂ ಇಷ್ಟು ಸಾಕು.

2022ರಲ್ಲಿ ಬಂದ ಅಪರಾಧ ಪ್ರಕ್ರಿಯೆಯ ಗುರುತಿಸುವಿಕೆ ಕಾಯಿದೆ, 1920ರ ಹಳೆಯ ಕಾಯಿದೆಯ ಸ್ಥಾನ ಪಡೆದು, ಬಂಧಿತರ ಬೆರಳಚ್ಚು, ಕಣ್ಣಿನ ಪಾಪೆಯ ಗುರುತು ಮೊದಲಾದ ಅಳತೆಗಳನ್ನು 75 ವರ್ಷ ಇಟ್ಟುಕೊಳ್ಳಲು ಅವಕಾಶ ಕೊಟ್ಟಿದೆ. ಹಿಂದೆ ಶಿಕ್ಷೆಯಾಗದವನು ವಿಚಾರಣೆಯಿಲ್ಲದೆ ಬಿಡುಗಡೆಯಾದರೆ, ಇಲ್ಲವೆ ಖುಲಾಸೆಯಾದರೆ, ನ್ಯಾಯಾಲಯ ಬೇರೆ ಹೇಳದ ಹೊರತು ಅವನ್ನು ಅಳಿಸಬೇಕೆಂದೂ ಅದೇ ಕಾಯಿದೆ ಹೇಳುತ್ತದೆ. ಬರೆಯಲು ದುಡ್ಡು ಬರುತ್ತದೆ. ಅಳಿಸುವ ಕೆಲಸಕ್ಕೂ ಅಷ್ಟೇ ಆಸ್ಥೆ ಇರಬೇಕು. 1871ರ ರಿಜಿಸ್ಟರು ನೆನಪಿನಲ್ಲಿದ್ದವರಿಗೆ ಈ ಮಾತನ್ನು ಒತ್ತಿ ಹೇಳಬೇಕಾಗಿಲ್ಲ. ಎಲ್ಲಿಯೇ ಕಳುವಾಗಲಿ, ಮೊದಲ ಸಂಶಯ ಪರವೂರಿನಿಂದ ಬಂದವನ ಮೇಲೆಯೇ.

ಒಟ್ಟಿನಲ್ಲಿ ಹೇಳುವುದಾದರೆ, ಅನುದಾನ ಯಂತ್ರವನ್ನು ಕೊಳ್ಳಬಲ್ಲುದು, ತಂತಿ ಎಳೆಸಬಲ್ಲುದು. ಠಾಣೆಯ ಮೇಜಿನ ಮುಂದೆ ಕುಳಿತವನು ದೂರನ್ನು ನಿಜವಾಗಿ ಬರೆದುಕೊಳ್ಳುವಂತೆ, ಹೆಸರನ್ನು ಕೇಳಿ ತಿಳಿದು ಬರೆಯುವಂತೆ ಮಾಡುವುದು ಹಣದಿಂದಷ್ಟೇ ಆಗುವ ಕೆಲಸವಲ್ಲ. ಅದರಲ್ಲಿ ನಮ್ಮ ಪಾಲೂ ಇದೆ. ಮನೆಯ ಪ್ರತಿಯೊಬ್ಬರ ಹೆಸರೂ ಎಲ್ಲ ಕಾಗದಪತ್ರಗಳಲ್ಲಿ ಒಂದೇ ರೀತಿ ಇರುವಂತೆ ನೋಡಿಕೊಳ್ಳೋಣ. ದೂರು ಕೊಟ್ಟರೆ ಓದಿ ನೋಡಿ ಸಹಿ ಹಾಕೋಣ, ಪ್ರತಿಯನ್ನು ಕೇಳಿ ಪಡೆಯೋಣ; ಅದನ್ನು ಉಚಿತವಾಗಿ ಪಡೆಯುವುದು ದೂರು ಕೊಟ್ಟವರ ಹಕ್ಕು. ಖುಲಾಸೆಯಾದವರು ತಮ್ಮ ದಾಖಲೆ ಅಳಿಸಿದೆಯೇ ಎಂದು ವಿಚಾರಿಸಲಿ. ಭಾಷೆ ಬಾರದೆ ಠಾಣೆಯ ಮೆಟ್ಟಿಲಲ್ಲಿ ತಬ್ಬಿಬ್ಬಾಗಿ ನಿಂತ ಹೊಸಬ ಕನ್ನಡಿಗನ ಜೊತೆಗೆ ಹೋಗಿ ನಾಲ್ಕು ಮಾತು ತಿಳಿಸಿಕೊಡಲು ಸಂಘದ ಸದಸ್ಯರೊಬ್ಬರು ಸಿದ್ಧರಿದ್ದರೆ, ಆತನ ಹೆಸರೂ ಊರೂ ಸರಿಯಾಗಿ ಬರೆಯಲ್ಪಡುತ್ತವೆ. ದೂರದ ಊರಿನಲ್ಲಿ ಕಾದು ಕುಳಿತವರಿಗೆ ಸುದ್ದಿ ಮುಟ್ಟುವುದು ಅಲ್ಲಿಂದಲೇ.